ಬೊಂಬೆ ಮನೆಯ ಬೀಗದ ಕೈ

ಐದು ವರ್ಷದ ಮಗುವಿಗೆ ಒಂದು ಬೊಂಬೆ ಮನೆ ತರಬೇಕೆಂದು ನಾವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಂಗಡಿಗಳನ್ನೆಲ್ಲ ಸುತ್ತಿದೆವು. ಇದೂ ಒಂದು ಬರೆಯುವ ವಿಷಯವಾ ಅಂತ ಗೆಳೆಯರು ನಗಬಹುದು. ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ದಿನಕ್ಕೊಂದು ದೌರ್ಜನ್ಯದ ಸುದ್ದಿ ಇದೆ. ಇದರ ನಡುವೆ ಆಟದ ಸಾಮಾನಿನ ಮಾತು ಯಾಕೆ? ಯಾಕೆಂದರೆ ಅದು ಮನೆ. ಆಟದ್ದೇ ಆದರೂ ಮನೆ. ಮನೆ ಅಂದ ಕೂಡಲೇ ನಮ್ಮ ಜನ ಕೇಳುವ ಮೊದಲ ಮಾತು ಒಂದೇ: ಯಾರ ಜಾಗದಲ್ಲಿ?

ಮಗು ನಮ್ಮಕ್ಕನದು. ನಾವು ಅಂದರೆ ಆ ಮಗುವಿಗೆ ಇಬ್ಬರು ಮಾಮಂದಿರು, ಒಬ್ಬಳು ಚಿಕ್ಕಿ. ಅಕ್ಕ, ಭಾವ ಕೊಪ್ಪದ ಕಡೆ ಒಂದು ಕಾಫಿ ತೋಟದ ಲೈನಿನಲ್ಲಿದ್ದಾರೆ. ಲೈನು ಅಂದರೆ ಏನು ಅಂತ ಬಯಲುಸೀಮೆಯ ಗೆಳೆಯರಿಗಾಗಿ ಹೇಳಬೇಕು. ಉದ್ದಕ್ಕೆ ಒಂದೇ ಮಾಡು, ಒಂದೇ ಗೋಡೆ. ನಡುನಡುವೆ ಅಡ್ಡಗೋಡೆ. ಒಂದೊಂದು ಬಾಗಿಲಿಗೆ ಒಂದೊಂದು ಸಂಸಾರ. ಒಬ್ಬರ ಮನೆಯ ಕೆಮ್ಮು ಮೂರು ಮನೆಗೆ ಕೇಳುತ್ತದೆ. ಕೆಲಸ ಇರುವ ತನಕ ಮನೆ. ಕೆಲಸ ಬಿಟ್ಟ ದಿನ ಬೀಗದ ಕೈ ರೈಟರ ಕೈಗೆ.

ಸಾಹುಕಾರರ ಮೊಮ್ಮಗಳು ಬೆಂಗಳೂರಿನಿಂದ ರಜೆಗೆ ಬಂದಾಗ ಜಗಲಿಯ ಮೇಲೆ ಬೊಂಬೆ ಮನೆ ಇಟ್ಟುಕೊಂಡು ಆಡುತ್ತಿತ್ತಂತೆ. ನಮ್ಮ ಮಗು ಅಂಗಳದ ತುದಿಯಲ್ಲಿ ನಿಂತು ನೋಡಿ ಬಂತು. ಬಂದವಳೇ ಹೇಳಿದಳು: 'ಚಿಕ್ಕೀ, ಅದ್ರ ಮುಂದ್ಗಡೆ ಗೋಡೆನೇ ಇಲ್ಲ. ಒಳ್ಗಿಂದೆಲ್ಲ ಕಾಣ್ತದೆ.'

ಆ ಮನೆಯ ಒಳಗನ್ನು ನಮ್ಮವರು ಮೂರು ತಲೆಮಾರಿನಿಂದ ಕಂಡಿಲ್ಲ. ಮಲೆನಾಡಿನ ತೊಟ್ಟಿ ಮನೆ ದೊಡ್ಡದು. ಹೆಬ್ಬಾಗಿಲು, ಜಗಲಿ, ನಡುಮನೆ, ದೇವರ ಕೋಣೆ, ಅಡುಗೆ ಮನೆ, ಬಚ್ಚಲು, ಕೊಟ್ಟಿಗೆ. ಅದರ ಒಂದೊಂದು ಹೊಸ್ತಿಲೂ ಒಂದೊಂದು ಜಾತಿಯನ್ನು ತಡೆದು ನಿಲ್ಲಿಸಲಿಕ್ಕೆ ಇಟ್ಟದ್ದು. ಜಗಲಿಯ ತನಕ ಬರುವವರು ಇದ್ದರು, ನಡುಮನೆಯ ತನಕ ಬರುವವರು ಇದ್ದರು. ನಮ್ಮ ಅಜ್ಜಿಗೆ ಕೊಟ್ಟಿಗೆಯ ಸಗಣಿ ಬಾಚುವಷ್ಟು ದಾರಿ ಬಿಟ್ಟಿದ್ದರು. ಆ ಮನೆಗಳ ಅಡಿಪಾಯಕ್ಕೆ ಕಲ್ಲು ಹೊತ್ತವಳಿಗೆ ಆ ಮನೆಗಳಲ್ಲಿ ಎಷ್ಟು ಕೋಣೆ ಇವೆ ಅಂತ ಗೊತ್ತಿರಲಿಲ್ಲ. ನಮ್ಮ ಮಗು ಒಂದು ಮನೆಯ ಒಳಗನ್ನು ಪೂರ್ತಿಯಾಗಿ ಕಂಡದ್ದು ಇದೇ ಮೊದಲು. ಅದೂ ಬೊಂಬೆ ಮನೆಯಲ್ಲಿ.

ಆಸೆ ಸಣ್ಣದು. ಆದರೆ ಅದರಲ್ಲಿ ನ್ಯಾಯ ಇತ್ತು. ಹೊರಟೆವು.

ಕೊಪ್ಪದ ಪೇಟೆಯಲ್ಲಿ ಸಿಕ್ಕಿದ್ದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಮನೆ. ಮನೆಯೊಳಗೆ ಕಾರು, ಸೋಫಾ, ಕನ್ನಡಿ ಮೇಜು. ಇರುವವರು ಹಾಲಿನ ಬಣ್ಣದ ಗಂಡ, ಹಾಲಿನ ಬಣ್ಣದ ಹೆಂಡತಿ, ಹೊನ್ನಿನ ಕೂದಲ ಮಗು. ನರಸಿಂಹರಾಜಪುರದಲ್ಲಿ ಅದೇ ಮನೆ, ಬಣ್ಣ ಮಾತ್ರ ನೇರಳೆ. ಶೃಂಗೇರಿಯಲ್ಲಿ ಯಾತ್ರಿಕರು ಕೊಳ್ಳುವ ಮರದ ಸಾಮಾನಿನ ಅಂಗಡಿಗೆ ಹೋದೆವು. ಅಲ್ಲಿ ಮನೆ ಇರಲಿಲ್ಲ, ಅಡುಗೆ ಸೆಟ್ಟು ಇತ್ತು. ಒಲೆ, ಬೀಸುಕಲ್ಲು, ಒನಕೆ, ಕೊಡ. 'ಹೆಣ್ಮಗುಗೆ ಅಲ್ವಾ, ಇದೇ ಸರಿ ಹೋಗ್ತದೆ ತಗೊಳ್ಳಿ' ಅಂದರು ಅಂಗಡಿಯವರು. ಐದು ವರ್ಷಕ್ಕೇ ಒಲೆಯ ಮುಂದೆ ಕೂರಿಸುವುದಾದರೆ ಆಟದ ಸಾಮಾನು ಯಾಕೆ? ನಮ್ಮ ಮಕ್ಕಳಿಗೆ ನಿಜದ ಕೊಡವೇ ಇದೆಯಲ್ಲ.

ಬೊಂಬೆ ಮನೆಯ ಹುಟ್ಟನ್ನು ನೋಡಿದರೂ ಅದು ಮಕ್ಕಳಿಗಾಗಿ ಹುಟ್ಟಿದ್ದಲ್ಲ. 1558ರ ಹೊತ್ತಿಗೆ ಜರ್ಮನಿಯ ಬವೇರಿಯಾದ ದೊರೆ ಐದನೆಯ ಆಲ್‌ಬ್ರೆಕ್ಟ್ ಒಂದನ್ನು ಮಾಡಿಸಿದ, ತನ್ನ ಸಿರಿಯನ್ನು ನಾಲ್ಕು ಜನಕ್ಕೆ ತೋರಿಸಲಿಕ್ಕೆ. ಆಮೇಲೆ ನ್ಯೂರೆಂಬರ್ಗಿನ ವರ್ತಕರು ತಮ್ಮ ಹೆಣ್ಣುಮಕ್ಕಳಿಗೆ ಮನೆವಾರ್ತೆ ಕಲಿಸಲು ಇಂಥ ಮನೆಗಳನ್ನು ಇಟ್ಟುಕೊಂಡರು. 1924ರಲ್ಲಿ ಇಂಗ್ಲೆಂಡಿನ ರಾಣಿ ಮೇರಿಗೆ ಒಂದು ಬೊಂಬೆ ಮನೆ ಕಟ್ಟಿ ಮುಗಿಸಿದರು. ಇವತ್ತಿಗೂ ಅದು ವಿಂಡ್ಸರ್ ಅರಮನೆಯಲ್ಲಿದೆ. ಅದರ ನಕ್ಷೆ ಹಾಕಿದವನು ಎಡ್ವಿನ್ ಲುಟ್ಯೆನ್ಸ್. ಹೌದು, ಹೊಸ ದೆಹಲಿಯ ನಕ್ಷೆ ಹಾಕಿದವನೇ. ವೈಸ್‌ರಾಯನಿಗೆ ರೈಸಿನಾ ಗುಡ್ಡದ ಮೇಲೆ ಅರಮನೆ, ಗುಮಾಸ್ತರಿಗೆ ದರ್ಜೆಗೆ ತಕ್ಕಂತೆ ಮನೆ. ಬೊಂಬೆ ಮನೆಯಲ್ಲೂ ಅದೇ ಲೆಕ್ಕ: ರಾಜ ರಾಣಿಯರಿಗೆ ಒಂದು ಅಂತಸ್ತು, ಆಳುಕಾಳುಗಳಿಗೆ ಬೇರೆ ಕೋಣೆ. ಅದರ ನಲ್ಲಿಯಲ್ಲಿ ನೀರು ಬರುವಂತೆ ಮಾಡಿದ್ದರು, ದೀಪ ಉರಿಯುವಂತೆ ಮಾಡಿದ್ದರು. ನಮ್ಮಕ್ಕನ ಲೈನಿಗೆ ಮಾರ್ಚ್ ಕಳೆದರೆ ನೀರಿಲ್ಲ.

ಅಡಿಗೆ ಒಂದು ಅಂಗುಲ, ಅದು ಆ ಮನೆಯ ಅಳತೆ. ಈಗಲೂ ದುಬಾರಿ ಬೊಂಬೆ ಮನೆಗಳು ಹೆಚ್ಚಾಗಿ ಇದೇ ಅಳತೆಯವು. ನಾವು ಸುಮ್ಮನಿರದೆ ಟೇಪು ಹಿಡಿದು ಅಕ್ಕನ ಮನೆ ಅಳೆದೆವು. ಹತ್ತಡಿಗೆ ಹನ್ನೆರಡಡಿ. ಬೊಂಬೆ ಲೆಕ್ಕದಲ್ಲಿ ಹತ್ತಂಗುಲಕ್ಕೆ ಹನ್ನೆರಡಂಗುಲ. ಬೂಟಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದರಲ್ಲಿ ಐದು ಜನ, ಒಂದು ಒಲೆ, ಒಂದು ಟ್ರಂಕು, ಮಳೆಗಾಲಕ್ಕೆ ಕೂಡಿಟ್ಟ ಸೌದೆ.

ನಮ್ಮ ಮಕ್ಕಳಿಗೆ ಮನೆ ಆಟ ಗೊತ್ತಿಲ್ಲ ಅಂತಲ್ಲ. ಒದ್ದೆ ಮರಳಲ್ಲಿ ಕಾಲು ಹುಗಿದು, ತಟ್ಟಿ, ಮೆಲ್ಲಗೆ ಕಾಲು ಎಳೆದರೆ ಗುಬ್ಬಚ್ಚಿ ಗೂಡು. ಕರಟ ಪಾತ್ರೆ, ಹಾಲುವಾಣದ ಎಲೆ ಬಟ್ಟಲು. ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಎಳೆದರೆ ಅದೇ ಬಸ್ಸು. ನಮ್ಮ ಬಾಲ್ಯಕ್ಕೆ ಬೊಂಬೆ ಬರಲಿಲ್ಲ ಅಂತ ಯಾರೂ ಕಣ್ಣೀರು ಹಾಕಬೇಕಿಲ್ಲ. ಆದರೆ ಒಂದು ಮಾತು. ಮರಳಿನ ಗೂಡನ್ನು ಸಂಜೆ ನಾವೇ ಕಾಲಲ್ಲಿ ಒದ್ದು ಮನೆಗೆ ಬರುತ್ತಿದ್ದೆವು. ಮನೆ ಅಂದರೆ ಬೆಳಿಗ್ಗೆ ಕಟ್ಟಿ ಸಂಜೆ ಕಳೆದುಕೊಳ್ಳುವುದು ಅಂತ ಆ ಆಟವೇ ನಮಗೆ ಕಲಿಸಿತು. ಈ ಸೀಮೆಯ ಬಡವರಿಗೆ ಅದು ಆಟ ಮಾತ್ರವಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ನರಸಿಂಹರಾಜಪುರದ ಹತ್ತಿರಕ್ಕೆ ಬಂತು, ಹಳ್ಳಿಗಳು ಮುಳುಗಿದವು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಂದರು, 2001ರಲ್ಲಿ ಕೊನೆಯ ಅಧಿಸೂಚನೆ ಹೊರಟಿತು; ಕಾಡಿನೊಳಗಿದ್ದ ಆದಿವಾಸಿಗಳಿಗೂ ಸಣ್ಣ ರೈತರಿಗೂ ಎದ್ದು ಹೋಗುವ ಭಯ ಹತ್ತಿತು. ನೀರಿಗಾಗಿ ಏಳಿ, ಕಾಡಿಗಾಗಿ ಏಳಿ, ತೋಟಕ್ಕಾಗಿ ಏಳಿ.

ಕಾಯಿದೆ ಇರಲಿಲ್ಲವಾ? ಇತ್ತು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ತೋಟದ ಮಾಲೀಕ ಕೆಲಸಗಾರನಿಗೆ ಮನೆ ಕೊಡಬೇಕು ಅಂದಿತು. ಆದರೆ ಆ ಮನೆ ಕೆಲಸಗಾರನದಾಗಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಗೆ ಹಲ್ಲು ಬಂತು, ಗೇಣಿದಾರ ಒಡೆಯನಾದ. ನಮ್ಮವರು ಗೇಣಿದಾರರೂ ಆಗಿರಲಿಲ್ಲ, ಜೀತದಾಳುಗಳಾಗಿದ್ದರು. ಕಾಫಿ, ಟೀ ತೋಟಗಳಂತೂ ಆ ಮಿತಿಯ ಹೊರಗೇ ಉಳಿದವು. 1976ರ ಕಾಯಿದೆ ಜೀತ ಹೋಯಿತು ಅಂದಿತು. ಜೀತ ಬಿಟ್ಟವರನ್ನು ಅವರಿದ್ದ ಗುಡಿಸಲಿನಿಂದ ಎಬ್ಬಿಸಬಾರದು ಅಂತಲೂ ಅಂದಿತು. ಆದರೂ ನಮ್ಮಜ್ಜ ಜೀತದ ಗುಡಿಸಲಿನಿಂದ ಎದ್ದು ಲೈನಿಗೆ ಬಂದ.

ಮನೆ ಹೇಗಿರಬೇಕು ಅನ್ನುವುದರ ಜೊತೆಗೆ ಮನೆಯಲ್ಲಿ ಯಾರಿರಬೇಕು ಅನ್ನುವ ಪ್ರಶ್ನೆಯೂ ಇತ್ತು. 1940ರ ದಶಕದಲ್ಲಿ ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ದಂಪತಿ ಒಂದು ಪರೀಕ್ಷೆ ಮಾಡಿದರು. ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ಬೊಂಬೆಗಳನ್ನಿಟ್ಟರು. ಎಲ್ಲವೂ ಒಂದೇ ಅಚ್ಚು, ಬಣ್ಣ ಮಾತ್ರ ಬೇರೆ. ಒಳ್ಳೆಯ ಬೊಂಬೆ ಯಾವುದು ಅಂದರೆ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ಕೆಟ್ಟದ್ದು ಯಾವುದು ಅಂದರೆ ಕಂದುಬಣ್ಣದ್ದನ್ನು. ನಿನ್ನ ಹಾಗೆ ಇರುವುದು ಯಾವುದು ಅಂತ ಕೇಳಿದಾಗ ಕೆಲವು ಮಕ್ಕಳು ಅತ್ತವು. 1954ರಲ್ಲಿ ಕಪ್ಪು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಎಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಈ ಪರೀಕ್ಷೆಯೂ ಲೆಕ್ಕಕ್ಕೆ ಬಂತು. ನಮ್ಮಲ್ಲಿ ಪರೀಕ್ಷೆ ಬೇಡ. ದಸರಾಕ್ಕೆ ಬೊಂಬೆ ಕೂರಿಸುವ ಮನೆಗಳ ಮೆಟ್ಟಿಲು ನೋಡಿದರೆ ಸಾಕು. ಮೇಲೆ ಪಟ್ಟದ ಬೊಂಬೆ, ಅದರ ಕೆಳಗೆ ದೇವರು, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ, ಮದುವೆ ದಿಬ್ಬಣ. ತಮಟೆ ಹಿಡಿದವನು ಸಿಕ್ಕಿದರೆ ಆ ಸಾಲಿನ ಕೊನೆಗೆ. ನಮ್ಮ ಮಕ್ಕಳನ್ನು ಆ ಬೊಂಬೆ ನೋಡಲಿಕ್ಕೂ ಯಾರೂ ಕರೆದದ್ದಿಲ್ಲ.

ಹಾಗಾಗಿ ಮನೆಯನ್ನು ನಾವೇ ಮಾಡಿಸುವುದು ಅಂತಾಯಿತು. ನಮ್ಮ ಕೇರಿಯಲ್ಲೇ ಮರಗೆಲಸ ಕಲಿತ ಅಣ್ಣ ಒಬ್ಬರಿದ್ದಾರೆ. ಕೆಲಸದಲ್ಲಿ ಉಳಿದ ಪ್ಲೈವುಡ್ ತುಂಡು ಇಟ್ಟುಕೊಂಡು ಕೇಳಿದರು: 'ನಕ್ಷೆ ಎಂತದ್ದು ಮಾರಾಯ್ರೆ? ಯಾರ ಮನೆ ಹಾಗೆ ಮಾಡ್ಲಿ?'

ಯಾರ ಮನೆ ಹಾಗೆ? ನಾವು ಡಿಗ್ರಿ ಓದಿದವರು ಬಾಯಿ ಮುಚ್ಚಿ ಕುಳಿತೆವು. ಮಾತಾಡಿದ್ದು ಅಕ್ಕ. 'ಬಚ್ಚಲು ಒಳಗೇ ಇರ್ಲಿ. ರಾತ್ರಿ ಮಳೇಲಿ ಹೊರಗೆ ಹೋಗೋದು ಬೇಡ.' ಅಜ್ಜಿ ಮೂಲೆಯಿಂದ ಹೇಳಿದಳು: 'ಹಿಂದಿನ ಬಾಗ್ಲು ಬೇಡ ಕಣಾ. ಬರೋರೆಲ್ಲ ಮುಂದಿನ ಬಾಗ್ಲಲ್ಲೇ ಬರ್ಲಿ.' ಹಿತ್ತಿಲ ಬಾಗಿಲಿನಲ್ಲಿ ನಿಂತು ಅನ್ನ ಇಸಿದುಕೊಂಡವಳ ಮಾತು ಅದು.

ಪುಸ್ತಕಕ್ಕೆ ಒಂದು ಕೋಣೆ ನಾವು ಸೇರಿಸಿದೆವು. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದ ಬಾಬಾಸಾಹೇಬರಿಗೆ ಆ ಊರಲ್ಲಿ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಛತ್ರದಲ್ಲಿ ಉಳಿದರೆ, ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಅಮೆರಿಕದಲ್ಲೂ ಲಂಡನ್ನಿನಲ್ಲೂ ಓದಿ ಬಂದ ಮನುಷ್ಯ ಉದ್ಯಾನದ ಮರದ ಕೆಳಗೆ ಕುಳಿತು ಅತ್ತರು. ಅದೇ ಬಾಬಾಸಾಹೇಬರು 1930ರ ದಶಕದಲ್ಲಿ ಮುಂಬಯಿಯ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು, ತಮ್ಮ ಪುಸ್ತಕಗಳಿಗೆ ಜಾಗ ಬೇಕೆಂದು. ಮನೆ ಕೊಡದ ದೇಶದಲ್ಲಿ ಪುಸ್ತಕಕ್ಕೂ ಮನೆ ಕಟ್ಟಿದವರ ಮಕ್ಕಳು ನಾವು.

ಕೊಡುಗೆ ಕೊಡುವ ಗೆಳೆಯರಿಗೆ ಉಪಯೋಗದ ಮಾತೂ ಹೇಳಿಬಿಡುತ್ತೇವೆ. ಮುಂದಿನ ಗೋಡೆ ತೆಗೆಯುವಂತಿರಲಿ, ಮೂರು ನಾಲ್ಕು ಮಕ್ಕಳು ಒಟ್ಟಿಗೆ ಕೈ ಹಾಕುವಂತಿರಲಿ. ಅಂಚುಗಳನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿಸಿ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಇದ್ದರೆ ಬಾಯಿಗೆ ಹೋಗುವ ಸಣ್ಣ ಸಾಮಾನು ಬೇಡವೇ ಬೇಡ. ಅಂಗಡಿಯಲ್ಲೇ ಕೊಳ್ಳುವುದಾದರೆ ಐ.ಎಸ್.ಐ. ಗುರುತು ನೋಡಿ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯವಾಯಿತು. ಸಾಮಾನು ತುಂಬಿಸಿ ಕೊಡಬೇಡಿ. ಖಾಲಿ ಕೋಣೆ ಕೊಡಿ. ಏನು ಇಡಬೇಕು ಅಂತ ಮಗು ಹೇಳಲಿ. ಬೊಂಬೆಗಳನ್ನು ಚಿಕ್ಕಿ ಹಳೆಯ ಕಂದು ಬಟ್ಟೆಯಲ್ಲಿ ಹೊಲಿದಳು. ಹೆಣ್ಣು ಬೊಂಬೆಯ ಕೈಗೆ ಪೊರಕೆ ಕೊಡಲಿಲ್ಲ.

ಮನೆ ಲೈನಿಗೆ ಹೋಯಿತು. ಮಗು ಮೊದಲು ಮಾಡಿದ ಕೆಲಸ ಲೈನಿನ ಎಲ್ಲ ಸಂಸಾರಗಳನ್ನೂ ಅದರೊಳಗೆ ತುಂಬಿದ್ದು. ಬಟ್ಟೆಯ ಬೊಂಬೆ ಸಾಲದೆ ಕಾಫಿ ಬೀಜ, ಹುಣಸೆ ಬೀಜ ಎಲ್ಲ ಮನುಷ್ಯರಾದವು. ಆಮೇಲೆ ಬಾಗಿಲು ಮುಟ್ಟಿ ನೋಡಿ ಕೇಳಿತು: 'ಮಾಮ, ಇದ್ರ ಬೀಗದ ಕೈ ಯಾರ ಹತ್ರ?'

'ನಿನ್ನ ಹತ್ರಾನೇ ಕಣೆ' ಅಂದೆವು.

'ರೈಟ್ರು ಕೇಳಿದ್ರೆ?'

ಐದು ವರ್ಷದ ಮಗುವಿಗೆ ಗೊತ್ತಿದೆ. ಬೀಗದ ಕೈ ಕೇಳುವವರು ಬರುತ್ತಾರೆ ಅಂತ ಗೊತ್ತಿದೆ. ಇದನ್ನು ಯಾರೂ ಅದಕ್ಕೆ ಕೂರಿಸಿ ಕಲಿಸಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಅಕ್ಕೋರೇ, ಒಂದು ಕೆಲಸ ಮಾಡಿ. ನಿಮ್ಮ ತರಗತಿಯ ಮಕ್ಕಳಿಗೆ ಅವರ ಮನೆಯ ನಕ್ಷೆ ಬರೆಯಲು ಹೇಳಿ. ಪಕ್ಕದಲ್ಲಿ ಬೇಕಾದ ಮನೆಯ ನಕ್ಷೆಯನ್ನೂ ಬರೆಯಲಿ. ಎರಡನ್ನೂ ಗೋಡೆಗೆ ಅಂಟಿಸಿ. ಗ್ರಾಮಸಭೆ ನಡೆಯುವ ದಿನ ಊರವರನ್ನು ಕರೆದು ತೋರಿಸಿ. ಗುಡಿಸಲು ಹಾಕಿಕೊಂಡು ದಶಕಗಟ್ಟಲೆ ಕೂತವರಿಗೆ ಹಕ್ಕುಪತ್ರ ಕೊಡಿ, ಲೈನಿನಲ್ಲಿ ಮುದಿಯಾದವರಿಗೆ ನಿವೇಶನ ಕೊಡಿ ಅನ್ನುವ ಅರ್ಜಿಗಳು ಕಚೇರಿಯಿಂದ ಕಚೇರಿಗೆ ತಿರುಗುತ್ತಿವೆ. ಸಂಘಟನೆಯ ಗೆಳೆಯರು ಮುಂದಿನ ಸಲ ಅರ್ಜಿ ಕೊಡಲು ಹೋಗುವಾಗ ಮಕ್ಕಳ ಈ ನಕ್ಷೆಗಳನ್ನೂ ಲಗತ್ತಿಸಿ ಕೊಡಲಿ. ಒಳಗೆ ಬಚ್ಚಲು ಇರುವ, ಹಿಂದಿನ ಬಾಗಿಲು ಇಲ್ಲದ, ಪುಸ್ತಕಕ್ಕೆ ಕೋಣೆ ಇರುವ ಮನೆ. ನಾವು ಕೇಳುವುದು ಅದನ್ನು, ಅಡಿಗೆ ಅಡಿಯ ಅಳತೆಯಲ್ಲಿ.