ಹಳೆಯ ಕಾರಿನ ವಿಕ್ರಯ

ವಾಹನವನ್ನು ಕೊಳ್ಳುವಾಗ ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ನೆಂಟರು, ನೆರೆಯವರು, ಜತೆಯಲ್ಲಿ ಕೆಲಸ ಮಾಡಿದವರು, ಕೊನೆಗೆ ಹಾಲು ತರುವವನೂ ಕೂಡ ಯಾವ ಬಣ್ಣವು ಬೇಗ ಕೊಳೆಯಾಗುವುದೆಂಬುದನ್ನು ತಿಳಿಸಿ ಹೋಗುವನು. ಅದೇ ವಾಹನವು ಹನ್ನೆರಡು ವರ್ಷ ದುಡಿದು ಮನೆಯಿಂದ ಹೊರಡುವ ಕಾಲ ಬಂದಾಗ, ಅದನ್ನು ಯಾರಿಗೆ, ಯಾವ ಕಟ್ಟುಪಾಡಿನಿಂದ ಒಪ್ಪಿಸತಕ್ಕುದೆಂಬುದನ್ನು ಹೇಳುವವರು ವಿರಳ. ಈ ವಿಷಯದಲ್ಲಿ ನಾವು ಎರಡು ತಿಂಗಳ ಕಾಲ ವಿಚಾರಿಸಿ ತಿಳಿದುಕೊಂಡುದನ್ನು ವಾಚಕ ಗೃಹಸ್ಥರ ಮುಂದಿಡುವುದು ನಿಷ್ಪ್ರಯೋಜಕವಾಗಲಾರದೆಂದು ನಂಬಿದ್ದೇವೆ.

ನಮ್ಮದು ೨೦೧೨ನೆಯ ಇಸವಿಯಲ್ಲಿ ಮೈಸೂರಿನಲ್ಲಿ ನೋಂದಣಿಯಾದ ಒಂದು ಮಾರುತಿ ವ್ಯಾಗನ್ ಆರ್, ಪೆಟ್ರೋಲಿನದು, ಓಡಿದುದು ೬೧,೦೦೦ ಕಿಲೋಮೀಟರು. ಪಾಠಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಅದಕ್ಕೆ ದಿನವಹಿ ಕೆಲಸವಿಲ್ಲವಾಯಿತು. ರಾತ್ರಿಯ ಹೊತ್ತು ಎದುರಿನಿಂದ ಬರುವ ದೀಪಗಳನ್ನು ನಮ್ಮ ಕಣ್ಣು ಸಹಿಸದೆ ಹೋಯಿತು. ಆದಕಾರಣ ೨೦೨೪ರಲ್ಲಿ ಅದನ್ನು ಮಾರುವುದೆಂದು ನಿಶ್ಚಯಿಸಿದೆವು. ಬರುವ ಹಣವು ಗೃಹಿಣಿಯವರ ಮೊಣಕಾಲಿನ ಚಿಕಿತ್ಸೆಗೆ ಸಲ್ಲತಕ್ಕುದೆಂದು ಮೊದಲೇ ಗೊತ್ತಾಗಿದ್ದುದರಿಂದ, ಹತ್ತಿಪ್ಪತ್ತು ಸಾವಿರ ಹೆಚ್ಚುಕಡಮೆಯಾಗುವುದು ನಮಗೆ ಅಲಕ್ಷ್ಯಮಾಡುವ ಮಾತಾಗಿರಲಿಲ್ಲ.

ಮೊದಲು ಹೊಸ ಕಾರುಗಳ ಅಂಗಡಿಗೆ ಹೋದೆವು. ಹಳೆಯದನ್ನು ಕೊಟ್ಟು ಹೊಸದನ್ನು ತರುವ ಪದ್ಧತಿಯು ಈಗ ಎಲ್ಲೆಡೆಯೂ ರೂಢಿಯಲ್ಲಿದೆ. ಮಾರುತಿಯವರು ಟ್ರೂ ವ್ಯಾಲ್ಯೂ ಎಂಬ ಹೆಸರಿನಿಂದ ಹಳೆಯ ವಾಹನಗಳ ವ್ಯಾಪಾರವನ್ನು ೨೦೦೧ರಲ್ಲಿಯೇ ಆರಂಭಿಸಿದರು. ಈ ದಾರಿಯಲ್ಲಿ ಆಯಾಸ ಅತ್ಯಲ್ಪ. ಒಂದು ಬಾಗಿಲಿನಿಂದ ಹಳೆಯದು ಒಳಗೆ, ಇನ್ನೊಂದರಿಂದ ಹೊಸದು ಹೊರಗೆ. ಆದರೆ ಲೆಕ್ಕವು ಮಾತ್ರ ತಿಳಿಯಾಗಿರುವುದಿಲ್ಲ. ಹಳೆಯದರ ಬೆಲೆ, ಬದಲಾವಣೆಗೆಂದು ಕೊಡುವ ಬಹುಮಾನ, ಹೊಸದರ ಮೇಲಿನ ರಿಯಾಯಿತಿ ಈ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುತ್ತಾರೆ. ಹಳೆಯದನ್ನು ಕೊಡದಿದ್ದರೆ ಹೊಸದಕ್ಕೆ ಎಷ್ಟು, ಹೊಸದನ್ನು ಕೊಳ್ಳದಿದ್ದರೆ ಹಳೆಯದಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಿಸಿಕೊಂಡಲ್ಲದೆ ಯಾರಿಗೂ ನಿಜವು ಗೋಚರಿಸದು. ನಮಗೆ ಹೊಸದು ಬೇಕಿರಲಿಲ್ಲವಾಗಿ ಎರಡನೆಯ ಪ್ರಶ್ನೆಯನ್ನು ಮಾತ್ರ ಕೇಳಿದೆವು. ೧,೪೦,೦೦೦ ರೂಪಾಯಿ ಎಂದರು. ಕಾಫಿ ಕೊಟ್ಟರು, ಕಾಫಿ ಚೆನ್ನಾಗಿತ್ತು.

ಎರಡನೆಯದು ದಲ್ಲಾಳಿಯ ದಾರಿ. ನಮ್ಮ ಕಾರನ್ನು ಮೊದಲಿನಿಂದ ರಿಪೇರಿ ಮಾಡುತ್ತಿದ್ದವನೇ ಒಬ್ಬನನ್ನು ಕರೆತಂದನು. ಮನುಷ್ಯನು ವಿನಯಶಾಲಿ, ಎಂಜಿನ್ನಿನ ಶಬ್ದವನ್ನು ಕೇಳಿಯೇ ೧,೭೦,೦೦೦ ಎಂದನು. ಕೂಡಲೆ ಹಣ. ಆದರೆ ಒಂದು ನಿಬಂಧನೆ: ವರ್ಗಾವಣೆಯ ನಮೂನೆಗಳಿಗೆ ಕೊಳ್ಳುವವರ ಹೆಸರನ್ನೂ ತಾರೀಖನ್ನೂ ಬರೆಯದೆ ನಾವು ರುಜು ಹಾಕಿಕೊಡಬೇಕು, ಗಿರಾಕಿ ಸಿಕ್ಕಾಗ ಅವನು ತುಂಬಿಕೊಳ್ಳುವನು. ಇದಕ್ಕೆ ಅವರ ಭಾಷೆಯಲ್ಲಿ ಓಪನ್ ಟ್ರಾನ್ಸ್‌ಫರ್ ಎಂದು ಹೆಸರು. ನಡುವೆ ತನ್ನ ಹೆಸರಿಗೆ ಮಾಡಿಸಿಕೊಂಡರೆ ಶುಲ್ಕವೂ ದಂಡ, ವಾಹನಕ್ಕೆ ಇನ್ನೊಬ್ಬ ಒಡೆಯನೂ ಹೆಚ್ಚಿ ಬೆಲೆ ಇಳಿಯುವುದೆಂಬುದು ಅವನ ವಾದ. ವಾದದಲ್ಲಿ ಸುಳ್ಳೇನೂ ಇಲ್ಲ. ಆದರೂ ನಾವು ಒಲ್ಲೆವೆಂದೆವು. ಏತಕ್ಕೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ನಮ್ಮೊಡನೆ ಇಪ್ಪತ್ತು ವರ್ಷ ಗಣಿತವನ್ನು ಕಲಿಸಿದ ಮಿತ್ರರೊಬ್ಬರು ತಮ್ಮ ಕಾರನ್ನು ೨೦೧೯ರಲ್ಲಿ ಇದೇ ರೀತಿಯಾಗಿ ಒಬ್ಬ ದಲ್ಲಾಳಿಗೆ ಒಪ್ಪಿಸಿದರು. ಹಣ ಪೂರ್ತಿಯಾಗಿ ಬಂದಿತು, ಮಿತ್ರರು ಸಂತುಷ್ಟರಾದರು. ಎರಡು ವರ್ಷಗಳಾದ ಬಳಿಕ ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಲಿಯಿಂದ ಅವರ ಹೆಸರಿಗೆ ನೋಟೀಸು ಬಂದಿತು. ಕಾರು ಎಷ್ಟು ಕೈ ಬದಲಾಗಿತ್ತೋ ಬಲ್ಲವರಿಲ್ಲ. ರಾತ್ರಿ ಸೈಕಲ್ಲಿನ ಮೇಲೆ ಮನೆಗೆ ಮರಳುತ್ತಿದ್ದ ಕೂಲಿಯವನೊಬ್ಬನು ಅದರ ಕೆಳಗೆ ಸಿಕ್ಕಿ ತೀರಿಹೋಗಿದ್ದನು. ವಿಮೆಯ ಅವಧಿ ಮುಗಿದಿತ್ತು. ನೋಂದಣಿಯ ಪುಸ್ತಕದಲ್ಲಿ ಒಡೆಯರೆಂದು ಇನ್ನೂ ನಮ್ಮ ಮಿತ್ರರ ಹೆಸರೇ ಇತ್ತು. ಆ ಊರನ್ನು ಅವರು ಕಣ್ಣಿನಿಂದ ಕಂಡವರಲ್ಲ. ನಿವೃತ್ತಿಯ ಮೊದಲ ಎರಡು ಬೇಸಗೆಗಳನ್ನು ಅವರು ನ್ಯಾಯಾಲಯದ ಜಗಲಿಯಲ್ಲಿ ಕಳೆದರು. ದಲ್ಲಾಳಿಯ ಅಂಗಡಿಯಿದ್ದ ಸ್ಥಳದಲ್ಲಿ ಆ ವೇಳೆಗೆ ಹಣ್ಣಿನ ಅಂಗಡಿ ಬಂದಿತ್ತು.

ಇದು ಅನ್ಯಾಯವೆಂದು ಕೇಳಿದವರೆಲ್ಲ ಹೇಳಿದರು. ಆದರೆ ಸರ್ವೋಚ್ಚ ನ್ಯಾಯಾಲಯವು ೨೦೧೮ನೆಯ ಫೆಬ್ರುವರಿಯಲ್ಲಿಯೇ ಇಂತಹುದೊಂದು ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿ ವಾಹನವು ೨೦೦೭ರಲ್ಲಿ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ, ೨೦೦೯ರಲ್ಲಿ ಅಪಘಾತಕ್ಕೆ ಕಾರಣವಾಯಿತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು ನಿರ್ಣಯವಾಯಿತು. ಗಾಯಗೊಂಡವರೂ ಸತ್ತವರ ಮಕ್ಕಳೂ ಬರೆದಿಡದ ಮಾರಾಟಗಳ ಸರಪಳಿಯನ್ನು ಹಿಡಿದು ಒಬ್ಬೊಬ್ಬನನ್ನೇ ಅರಸುತ್ತ ಹೋಗಬೇಕಾಗಬಾರದೆಂಬುದು ಅದರ ಯುಕ್ತಿ. ಆ ಕೂಲಿಯವನ ಹೆಂಡತಿಯ ಕಡೆಯಿಂದ ನೋಡಿದರೆ ಈ ಯುಕ್ತಿಯನ್ನು ಅಲ್ಲಗಳೆಯಲು ನಮಗೆ ಬಾಯಿ ಬಾರದು.

ಸ್ಮೃತಿಕಾರರು ವ್ಯವಹಾರಪದಗಳನ್ನು ಹದಿನೆಂಟಾಗಿ ವಿಂಗಡಿಸಿದವರು; ಅವುಗಳಲ್ಲಿ ಅಸ್ವಾಮಿವಿಕ್ರಯ, ಅಂದರೆ ಒಡೆಯನಲ್ಲದವನು ಮಾರುವುದು, ಒಂದು. ನಮ್ಮ ಮಿತ್ರರದು ಇದರ ತಲೆಕೆಳಗಾದ ರೂಪ: ಮಾರಿ ಮುಗಿದ ಮೇಲೂ ಸ್ವಾಮಿತ್ವವು ಬಿಟ್ಟುಹೋಗದಿರುವುದು. ಇದಕ್ಕೊಂದು ಹೆಸರಿಡುವುದು ಮನುವಿಗೆ ಅವಶ್ಯವಾಗಿರಲಿಲ್ಲ. ಎತ್ತಿಗೆ ನೋಂದಣಿ ಪುಸ್ತಕವಿಲ್ಲ.

೧೯೮೮ರ ಮೋಟಾರು ವಾಹನಗಳ ಕಾನೂನಿನ ಐವತ್ತನೆಯ ಪ್ರಕರಣವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದೇ ರಾಜ್ಯದೊಳಗೆ ಮಾರಿದವನು ೧೪ ದಿನಗಳೊಳಗಾಗಿ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಕೊಂಡವನು ೩೦ ದಿನಗಳೊಳಗಾಗಿ. ಮಾರಾಟವನ್ನು ತಿಳಿಸುವುದು ೨೯ನೆಯ ನಮೂನೆ, ಹೆಸರನ್ನು ವರ್ಗಾಯಿಸಿಕೊಳ್ಳುವುದು ೩೦ನೆಯದು. ವಾಹನವು ಹೊರರಾಜ್ಯಕ್ಕೆ ಹೋಗುವುದಾದರೆ ೨೮ನೆಯ ನಮೂನೆಯ ನಿರಾಕ್ಷೇಪಣ ಪತ್ರ ಬೇಕು. ಬ್ಯಾಂಕಿನ ಸಾಲವಿದ್ದರೆ ಅದು ತೀರಿದುದಕ್ಕೆ ೩೫ನೆಯದು. ಸಾಲ ತೀರಿಸಿದವರಲ್ಲಿ ಅನೇಕರು ಈ ಕೊನೆಯದನ್ನು ಮರೆತು, ಮಾರುವ ದಿನದಲ್ಲಿ ಬ್ಯಾಂಕಿಗೆ ಓಡುವುದುಂಟು.

ಮೂರನೆಯ ದಾರಿಯು ಇತ್ತೀಚಿನದು. ಕಾರ್ಸ್ ೨೪, ಸ್ಪಿನ್ನಿ ಮುಂತಾಗಿ ಹಳೆಯ ಕಾರುಗಳನ್ನೇ ವ್ಯಾಪಾರವಾಗಿ ನಡೆಸುವ ಕಂಪೆನಿಗಳು ಹಲವಿವೆ. ದೂರವಾಣಿಯಲ್ಲಿ ವಿವರಗಳನ್ನು ತುಂಬಿದರೆ ಒಂದು ಬೆಲೆಯು ಕಾಣಿಸುವುದು; ಬಳಿಕ ಪರೀಕ್ಷಕನು ಮನೆಗೇ ಬರುವನು. ಅಂತಹುದೊಂದು ಕಂಪೆನಿಯು ನಮಗೆ ಮೊದಲು ತೋರಿಸಿದುದು ೧,೯೫,೦೦೦. ಗೃಹಿಣಿಯವರು ಅಂದೇ ವೈದ್ಯರನ್ನು ವಿಚಾರಿಸೋಣವೆಂದರು. ಬಂದ ತರುಣನು ಬಣ್ಣದ ದಪ್ಪವನ್ನು ಅಳೆಯುವ ಒಂದು ಪುಟ್ಟ ಯಂತ್ರವನ್ನು ಬಾಗಿಲುಬಾಗಿಲಿಗೂ ಹಿಡಿದು, ಎಡಗಡೆಯ ಹಿಂದಿನ ಬಾಗಿಲಿಗೆ ಮತ್ತೆ ಬಣ್ಣ ಬಳಿದಿರುವುದನ್ನು ಹೇಳಿಬಿಟ್ಟನು. ಅದು ನಿಜ, ಹಬ್ಬದ ದಿನ ಕಾಂಪೌಂಡು ಗೋಡೆಗೆ ತಗುಲಿತ್ತು. ನಾವು ಅವನ ವಿದ್ಯೆಗೆ ಮೆಚ್ಚಿದೆವು. ಅನಂತರ ಅವನು ಚಿತ್ರಗಳನ್ನು ಕಳುಹಿಸಲು, ಎಲ್ಲೆಲ್ಲಿಯೋ ಕುಳಿತ ವ್ಯಾಪಾರಿಗಳು ಅರ್ಧ ಗಂಟೆಯ ಕಾಲ ಹರಾಜು ಕೂಗಿದರು. ಕೊನೆಗೆ ನಿಂತುದು ೧,೬೨,೦೦೦. ಈ ಬೆಲೆ ಇಂದು ಸಂಜೆಯ ವರೆಗೆ ಮಾತ್ರವೆಂದು ಹೇಳಿದನು.

ಇದನ್ನು ಮೋಸವೆಂದು ನಾವು ಹೇಳುವುದಿಲ್ಲ. ಮೊದಲಿನ ಬೆಲೆಯು ಯಾರೂ ನೋಡದ ಕಾರಿನದು, ಎರಡನೆಯದು ನಮ್ಮದು. ಆದರೆ ಕಾಣದ ಕಾರಿಗೆ ಬೆಲೆಯನ್ನೇ ಕಟ್ಟದಿದ್ದರೆ ಮುದುಕರು ವೈದ್ಯರಿಗೆ ದೂರವಾಣಿ ಮಾಡುವುದು ತಪ್ಪುತ್ತಿತ್ತು. ಸಂಜೆಯ ವರೆಗೆ ಮಾತ್ರವೆಂಬ ಬೆಲೆಯನ್ನು ಮರುದಿನವೂ ಅವರು ಎರಡು ಬಾರಿ ಹೇಳಿದರೆಂಬುದನ್ನು ಮಾತ್ರ ಇಲ್ಲಿ ನಮೂದಿಸುತ್ತೇವೆ.

ಇಂತಹವರಿಗೇ ಆಗಲಿ, ಊರಿನ ವ್ಯಾಪಾರಿಗೇ ಆಗಲಿ ಮಾರುವವರು ಒಂದು ವಿಷಯವನ್ನು ಅವಶ್ಯವಾಗಿ ತಿಳಿದಿರಬೇಕು. ಕೇಂದ್ರ ಸರ್ಕಾರವು ೨೦೨೨ನೆಯ ಡಿಸೆಂಬರಿನಲ್ಲಿ ಪ್ರಕಟಿಸಿದ ನಿಯಮಗಳು ೧-೪-೨೦೨೩ರಿಂದ ಜಾರಿಗೆ ಬಂದಿವೆ. ಅವುಗಳ ಪ್ರಕಾರ ಹಳೆಯ ವಾಹನಗಳ ವ್ಯಾಪಾರಿಯು ನೋಂದಣಿ ಅಧಿಕಾರಿಯಿಂದ ಅಧಿಕಾರಪತ್ರವನ್ನು ಪಡೆಯಬೇಕು. ಅಂತಹವನಿಗೆ ವಾಹನವನ್ನು ಒಪ್ಪಿಸಿದುದನ್ನು ೨೯ಸಿ ಎಂಬ ನಮೂನೆಯಲ್ಲಿ ಸರ್ಕಾರದ ಜಾಲದ ಮೂಲಕ ತಿಳಿಸಿದರೆ, ಅಂದಿನಿಂದ ಅವನನ್ನೇ ಒಡೆಯನೆಂದು ಭಾವಿಸಲಾಗುವುದು. ನಮ್ಮ ಮಿತ್ರರ ಕಾಲಕ್ಕೆ ಇದು ಇರಲಿಲ್ಲ. ಆದಕಾರಣ ವ್ಯಾಪಾರಿಯನ್ನು ಬೆಲೆಯೆಷ್ಟೆಂದು ಕೇಳುವುದಕ್ಕೆ ಮುಂಚೆ ಅಧಿಕಾರಪತ್ರವನ್ನು ತೋರಿಸೆಂದು ಕೇಳತಕ್ಕುದು. ನಮ್ಮ ವಿನಯಶಾಲಿಯಾದ ದಲ್ಲಾಳಿಯನ್ನು ಕೇಳಿದೆವು. ಅವನು ನಕ್ಕು, ಸ್ವಾಮೀ ತಾವು ಬಹಳ ಓದಿಕೊಂಡವರು ಎಂದನು.

ತೀರ ಹಳೆಯ ವಾಹನಗಳಿಗೆ ಗುಜರಿಯ ದಾರಿಯೂ ಇದೆ. ಸರ್ಕಾರದಲ್ಲಿ ನೋಂದಾಯಿಸಿದ ಕಳಚುವ ಕಾರ್ಖಾನೆಗೆ ಕೊಟ್ಟರೆ ಠೇವಣಿ ಪ್ರಮಾಣಪತ್ರವೊಂದು ಸಿಕ್ಕುವುದು. ಹೊಸದನ್ನು ಕೊಳ್ಳುವಾಗ ಅದರಿಂದ ರಸ್ತೆ ತೆರಿಗೆಯಲ್ಲಿ ಸ್ವಲ್ಪ ವಿನಾಯಿತಿ ದೊರಕುವುದುಂಟು. ಓಡುವ ಕಾರಿಗೆ ಅದು ಮಾತಲ್ಲ.

ಉಳಿದುದು ನೇರವಾಗಿ ಬಳಸುವವರಿಗೇ ಮಾರುವುದು. ಶ್ರಮವು ಇದರಲ್ಲಿಯೇ ಹೆಚ್ಚು. ಓಎಲ್ಎಕ್ಸಿನಲ್ಲಿ ಪ್ರಕಟಣೆ ಕೊಟ್ಟ ಒಂದು ಗಂಟೆಯೊಳಗೆ, ತಾನು ಸೈನ್ಯದಲ್ಲಿರುವೆನೆಂದೂ ಕಾರನ್ನು ನೋಡುವ ಅವಶ್ಯಕತೆಯೇ ಇಲ್ಲವೆಂದೂ ಒಬ್ಬನು ದೂರವಾಣಿಯಲ್ಲಿ ಹೇಳಿ, ಮುಂಗಡ ಹಣವನ್ನು ಪಡೆಯಲು ತಾನು ಕಳುಹಿಸಿದ ಚೌಕಾಕಾರದ ಸಂಕೇತವನ್ನು ಸ್ಕ್ಯಾನ್ ಮಾಡಿ ಗುಪ್ತಸಂಖ್ಯೆಯನ್ನು ಒತ್ತಿರೆಂದನು. ಹಣ ಪಡೆಯುವವನು ಗುಪ್ತಸಂಖ್ಯೆಯನ್ನು ಒತ್ತಬೇಕಾದುದೇ ಇಲ್ಲ; ಒತ್ತಿದರೆ ಹಣವು ಹೋಗುವುದೇ ಹೊರತು ಬರುವುದಿಲ್ಲ. ಇದನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿಸಿಡುವುದು ಒಳ್ಳೆಯದು. ಅನಂತರ ಬಂದವರಲ್ಲಿ ಇಬ್ಬರು ವ್ಯಾಪಾರಿಗಳೇ ಗೃಹಸ್ಥರ ವೇಷದಿಂದ ಬಂದಿದ್ದರು. ಓಡಿಸಿ ನೋಡಬೇಕೆಂದವರ ಲೈಸೆನ್ಸನ್ನು ನೋಡಿ, ನಾವೂ ಪಕ್ಕದಲ್ಲಿ ಕುಳಿತು ಹೋದೆವು.

ಹದಿನೈದು ದಿನಗಳಾದ ಬಳಿಕ ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿರುವ ಒಬ್ಬಾಕೆಯೂ ಅವರ ಯಜಮಾನರೂ ಬಂದರು. ಆಕೆಗೆ ವಾರಕ್ಕೆರಡು ಸಲ ರಾತ್ರಿಯ ಪಾಳಿ. ಇವರಿಗೆ ನಾವು ಮೊದಲೇ ಬಾಗಿಲಿನ ಬಣ್ಣದ ವಿಷಯವನ್ನೂ, ಕ್ಲಚ್ಚು ಇನ್ನೊಂದು ವರ್ಷದೊಳಗೆ ಕೆಲಸ ಹೇಳುವುದೆಂಬುದನ್ನೂ, ನೋಂದಣಿಯ ಹದಿನೈದು ವರ್ಷಗಳು ೨೦೨೭ಕ್ಕೆ ಮುಗಿದು ಮರುನೋಂದಣಿ ಮಾಡಿಸಬೇಕಾಗುವುದೆಂಬುದನ್ನೂ ಹೇಳಿದೆವು. ದೋಷವಿಲ್ಲದುದೆಂದು ತೋರಿಸಿ ದೋಷವುಳ್ಳದ್ದನ್ನು ಕೊಟ್ಟವನು ಇಮ್ಮಡಿ ಬೆಲೆಯನ್ನು ತೆರಬೇಕೆಂದು ನಾರದಸ್ಮೃತಿಯು ವಿಧಿಸುತ್ತದೆ. ಕೊಂಡವನ ಪರೀಕ್ಷೆಗೆ ಅದು ಕರೆಯುವ ಹಸುವಿಗೆ ಮೂರು ದಿನ, ಹೊರೆ ಹೊರುವ ಪಶುವಿಗೆ ಐದು ದಿನ ಅವಕಾಶ ಕೊಟ್ಟಿದೆ. ಕಾರು ಹೊರೆ ಹೊರುವುದೇ ತಾನೆ? ಐದು ದಿನ ತಾಳಿ, ನಿಮ್ಮ ಮೆಕ್ಯಾನಿಕ್ಕಿಗೆ ತೋರಿಸಿಕೊಂಡು ಹೇಳಿರೆಂದೆವು. ಅವರು ಮೂರನೆಯ ದಿನವೇ ಬಂದು ೨,೦೫,೦೦೦ಕ್ಕೆ ಒಪ್ಪಿದರು. ಮನೆಯ ಮುಂದೆ ನೆರಳುಂಟೆ ಎಂದು ಗೃಹಿಣಿಯವರು ಕೇಳಿದರು. ಹೊಂಗೆಯ ಮರವಿದೆಯೆಂದು ತಿಳಿದು ಸಮಾಧಾನಗೊಂಡರು.

ಯಜಮಾನರು ಹಣವನ್ನೆಲ್ಲ ನಗದಾಗಿ ತಂದಿದ್ದರು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ೨೦೧೭ರಿಂದ ನಿಷೇಧಿಸಿದೆ. ಪಡೆದಷ್ಟೇ ಮೊತ್ತವು ಪಡೆದವನಿಗೆ ದಂಡವಾಗಬಹುದು. ಆದುದರಿಂದ ಎಲ್ಲವನ್ನೂ ಬ್ಯಾಂಕಿನ ಮೂಲಕವೇ ಪಡೆದೆವು.

ನಾವು ಇಲ್ಲಿ ಹೇಳಿದ ಬೆಲೆಗಳನ್ನು ಹಿಡಿದು ಈಗ ಯಾರೂ ಹೊರಡಬಾರದು. ೨೨-೯-೨೦೨೫ರಿಂದ ಹೊಸ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿಯು ನೂರಕ್ಕೆ ೨೮ರಿಂದ ೧೮ಕ್ಕೆ ಇಳಿದಿದೆ. ಹೊಸದು ಅಗ್ಗವಾದರೆ ಹಳೆಯದು ತನ್ನ ಗೌರವವನ್ನು ಉಳಿಸಿಕೊಳ್ಳಲಾರದು. ಹಳೆಯ ಕಾರಿನ ಮಾರಾಟಕ್ಕೂ ಜಿಎಸ್‌ಟಿ ಬಂದಿದೆಯೆಂದು ೨೦೨೫ರ ಆರಂಭದಲ್ಲಿ ಹಲವರು ಗಾಬರಿಗೊಂಡರು. ಅದು ವ್ಯಾಪಾರಿಯ ಲಾಭದ ಮೇಲಿನದು, ತನ್ನ ಮನೆಯ ಕಾರನ್ನು ಮಾರುವ ಸಾಮಾನ್ಯ ಗೃಹಸ್ಥನಿಗೆ ಸಂಬಂಧಿಸಿದುದಲ್ಲ.

ಹೆಸರುಗಳನ್ನೂ ತಾರೀಖನ್ನೂ ಪೂರ್ತಿಯಾಗಿ ತುಂಬಿದ ನಮೂನೆಗಳಿಗೆ ರುಜು ಹಾಕಿ, ಸಾರಿಗೆ ಕಚೇರಿಗೆ ಅವರೊಡನೆ ನಾವೂ ಹೋದೆವು. ಕಾರನ್ನು ಒಪ್ಪಿಸಿದ ದಿನಾಂಕವನ್ನೂ ಗಂಟೆಯನ್ನೂ ಬರೆದು ಇಬ್ಬರೂ ರುಜು ಮಾಡಿದೆವು. ಗಾಜಿಗಂಟಿದ್ದ ಫಾಸ್ಟ್ಯಾಗನ್ನು ನಿಲ್ಲಿಸಿದೆವು. ಇಲ್ಲವಾದರೆ ಅವರು ದಾಟಿದ ಸುಂಕದ ಕಟ್ಟೆಗಳಿಗೆ ನಮ್ಮ ಹಣ ಹೋಗುವುದು. ವಿಮೆಯನ್ನು ಅವರ ಹೆಸರಿಗೆ ಬದಲಾಯಿಸಿಕೊಳ್ಳಲು ಅವರಿಗೂ ೧೪ ದಿನಗಳ ಅವಧಿ. ಆದರೆ ನೋ ಕ್ಲೇಮ್ ಬೋನಸ್ ಎಂಬುದು ವಾಹನದ್ದಲ್ಲ, ಒಡೆಯನದು; ಕೇಳಿದರೆ ವಿಮೆಯವರು ಅದಕ್ಕೆ ಮೂರು ವರ್ಷ ನಡೆಯುವ ಪತ್ರ ಕೊಡುತ್ತಾರೆ. ಕೇಳದಿದ್ದರೆ ಕೊಡುವುದಿಲ್ಲ.

ಎರಡು ಬೀಗದ ಕೈಗಳಲ್ಲಿ ಒಂದನ್ನು ಮಾತ್ರ ಕೊಟ್ಟು ಮತ್ತೊಂದನ್ನು, ಹೆಸರು ಬದಲಾಗುವ ವರೆಗೆಂದು ಅವರಿಗೆ ತಿಳಿಸಿಯೇ, ನಾವು ಇಟ್ಟುಕೊಂಡಿದ್ದೆವು. ಹತ್ತೊಂಬತ್ತನೆಯ ದಿನ ಸರ್ಕಾರದ ಜಾಲದಲ್ಲಿ ಆಕೆಯ ಹೆಸರು ಕಾಣಿಸಿತು. ಅಂದು ಸಂಜೆ ಬಸ್ಸಿನಲ್ಲಿ ಹೋಗಿ ಎರಡನೆಯ ಬೀಗದ ಕೈಯನ್ನು ಕೊಟ್ಟುಬಂದೆವು; ಕಾರು ಹೊಂಗೆಯ ಮರದ ಕೆಳಗೇ ನಿಂತಿತ್ತು.