ಉಲ್ಲನ್ ಅಂಗಡಿಯ ರೈಲು ಮಫ್ಲರ್

ಮೈಸೂರಿನ ಶಿವರಾಂಪೇಟೆಯ ನಮ್ಮ ಅಂಗಡಿಗೆ ಬೋರ್ಡಿನಲ್ಲಿ ಫ್ಯಾನ್ಸಿ ಸ್ಟೋರ್ ಎಂದಿದ್ದರೂ ಊರಿನ ಹೆಂಗಸರ ಬಾಯಲ್ಲಿ ಅದು ಉಲ್ಲನ್ ಅಂಗಡಿ. ಬಳೆ, ರಿಬ್ಬನ್ನು, ಹೇರ್‌ಪಿನ್ನು ಮಾರಿದ್ದರಲ್ಲಿ ಬಾಡಿಗೆ ಹುಟ್ಟುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಹಿಂದಿನ ಗೋಡೆಗೆ ಒತ್ತಿ ಪೇರಿಸಿದ ಉಲ್ಲನ್ನಿನಿಂದ. ದಸರೆಯ ಗದ್ದಲ ಇಳಿಯುವ ಹೊತ್ತಿಗೆ ಲೂಧಿಯಾನದ ಮೂಟೆಗಳು ಬರುತ್ತಿದ್ದವು. ಆಗ ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜು. ದೊಡ್ಡ ಗಾಡಿಯಿಂದ ಇಳಿಸಿ ಸಣ್ಣ ಗಾಡಿಗೆ ಏರಿಸುವಷ್ಟರಲ್ಲಿ ಗೋಣಿಯ ಒಂದು ಮೂಲೆಯಾದರೂ ಹರಿದು, ಒಳಗಿನ ಕೆಂಪೋ ಹಸಿರೋ ಹೊರಗೆ ಇಣುಕುತ್ತಿತ್ತು. ಸಂಕ್ರಾಂತಿ ಕಳೆದರೆ ಸೀಸನ್ ಮುಗಿಯಿತು. ಆಮೇಲೆ ಏನಿದ್ದರೂ ಬಾಣಂತಿ ಮನೆಯ ವ್ಯಾಪಾರ: ಕುಲಾವಿಗೆ ಒಂದು ಲಡಿ, ಕಾಲುಚೀಲಕ್ಕೆ ಅರ್ಧ.

ಅಪ್ಪ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸದಾ ಒಂದು ಬೆಂಕಿಪೊಟ್ಟಣ ಇಟ್ಟುಕೊಂಡಿರುತ್ತಿದ್ದರು. ಬೀಡಿ ಸಿಗರೇಟಿನ ಅಭ್ಯಾಸ ಅವರಿಗಿರಲಿಲ್ಲ. “ಇದು ಅಸಲಿ ಉಣ್ಣೇನಾ?” ಎಂದು ಯಾರಾದರೂ ಕೇಳಿದರೆ ಒಂದು ಎಳೆ ಕಿತ್ತು ಅವರೆದುರೇ ಕಡ್ಡಿ ಗೀರುತ್ತಿದ್ದರು. ಉಣ್ಣೆಯಾದರೆ ತಲೆಕೂದಲು ಸುಟ್ಟ ವಾಸನೆ. ಉಳಿದದ್ದನ್ನು ಬೆರಳಲ್ಲಿ ಹೊಸಕಿದರೆ ಪುಡಿಯಾಗಿ ಉದುರುತ್ತದೆ. ಕ್ಯಾಶ್ಮಿಲಾನ್ ಎಂಬ ಕೃತಕ ದಾರವಾದರೆ ಕರಗಿ, ತುದಿಯಲ್ಲಿ ಗಟ್ಟಿ ಗಂಟಾಗಿ ಕೂರುತ್ತದೆ. ಪರೀಕ್ಷೆ ನೋಡಿ ತಲೆದೂಗಿದವರಲ್ಲಿ ಹೆಚ್ಚಿನವರು ಕೊನೆಗೆ ಕೊಳ್ಳುತ್ತಿದ್ದದ್ದು ಕ್ಯಾಶ್ಮಿಲಾನನ್ನೇ. ಬೆಲೆ ಕಡಿಮೆ, ಬಣ್ಣ ಜೋರು, ಒಗೆದರೆ ಕುಗ್ಗುವುದಿಲ್ಲ, ಪೆಟ್ಟಿಗೆಯಲ್ಲಿಟ್ಟರೆ ನುಸಿ ಹತ್ತುವುದಿಲ್ಲ. ಮೈಸೂರಿನ ಚಳಿಗೆ ಅಷ್ಟು ಸಾಕಲ್ಲ.

ಜಗಳ ಹುಟ್ಟುತ್ತಿದ್ದದ್ದು ಲಾಟ್ ನಂಬರಿನಲ್ಲಿ. ಒಂದೇ ಕಡಾಯಿಯಲ್ಲಿ ಒಟ್ಟಿಗೆ ಬಣ್ಣ ಹಾಕಿದ ದಾರಕ್ಕೆ ಒಂದು ಲಾಟ್. ಮುಂದಿನ ಸಲ ಹಾಕಿದ್ದು ಅದೇ ಬಣ್ಣವೆಂದು ಚೀಟಿಯಲ್ಲಿ ಇದ್ದರೂ ಬಿಸಿಲಿಗೆ ಹಿಡಿದರೆ ಬೇರೆ. ಸ್ವೆಟರಿಗೆ ಎಷ್ಟು ಬೇಕೋ ಅದಕ್ಕಿಂತ ಒಂದು ಲಡಿ ಕಡಿಮೆ ಕೊಂಡು, ಬಲಗೈ ತೋಳು ಅರ್ಧವಾದಾಗ ಓಡಿ ಬರುವವರೇ ಬಹಳ. ಅಷ್ಟರಲ್ಲಿ ಆ ಲಾಟ್ ಖಾಲಿ. ಅಪ್ಪ ಇದಕ್ಕೊಂದು ಉಪಾಯ ಮಾಡಿದ್ದರು: ಕಾಯಂ ಗಿರಾಕಿಗಳಿಗಾಗಿ ಎರಡೆರಡು ಲಡಿ ಹೆಚ್ಚಿಗೆ ತೆಗೆದು, ಕಾಗದದ ಚೀಲದಲ್ಲಿ ಹಾಕಿ, ಮೇಲೆ ಹೆಸರು ಬರೆದು ಅಟ್ಟದ ಮೇಲೆ ಇಡುವುದು. ಬೇಕಾದರೆ ದುಡ್ಡು ಕೊಟ್ಟು ಒಯ್ಯಿರಿ, ಬೇಡವಾದರೆ ಬಿಡಿ. ಈಗ ಯಾವ ಅಂಗಡಿಯವನೂ ಅಂಥದ್ದಕ್ಕೆ ಜಾಗ ಕೊಡಲಾರ.

ಇದೆಲ್ಲ ಎರಡು ಕಡ್ಡಿಯ ಹೆಣಿಗೆಯ ಮಾತು. ಒಂದೇ ಕೊಕ್ಕೆಯ ಕ್ರೋಶಾಕ್ಕೆ ನಮ್ಮಲ್ಲಿ ಇದ್ದದ್ದು ಒಂದು ಖಾನೆ ಮಾತ್ರ: ಆಂಕರ್ ದಾರದ ಉಂಡೆಗಳು, ಮತ್ತು ನೀಲಗಿರಿಯ ಕೇತ್ತಿಯ ಕಾರ್ಖಾನೆಯಲ್ಲಿ ಮಾಡಿದ ಪೋನಿ ಕೊಕ್ಕೆಗಳು. ಆಂಧ್ರದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಈ ಕೆಲಸ ದೊಡ್ಡ ಲೇಸು ಉದ್ಯಮವಾಗಿ ಬೆಳೆದು, 2024ರಲ್ಲಿ ಜಿಐ ಮಾನ್ಯತೆಯನ್ನೂ ಪಡೆಯಿತು. ನಮ್ಮಲ್ಲಿ ಅದು ಶಾಲೆಯ ಹೊಲಿಗೆ ಪೀರಿಯಡ್ಡಿನಲ್ಲಿ ಕಲಿತು ಮನೆಗೆ ತಂದ ವಿದ್ಯೆಯಾಗಿಯೇ ಉಳಿಯಿತು. ರೇಡಿಯೊಗೆ ಮುಸುಕು, ಆಮೇಲೆ ಟಿವಿಗೆ ಮುಸುಕು, ಲಂಗದ ಅಂಚಿಗೆ ಲೇಸು, ಬಾಗಿಲಿಗೆ ತೋರಣ. ಟಿವಿ ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಮುಸುಕು ಹೊದಿಸುವುದಕ್ಕೆ ಜಾಗವೇ ಇಲ್ಲವಾಯಿತು, ಅದು ಬೇರೆ ಮಾತು.

ಉಲ್ಲನ್ ವ್ಯಾಪಾರ ಕುಸಿದದ್ದು ನನ್ನ ಕಣ್ಣೆದುರಿಗೇ. ಬೈಲಕುಪ್ಪೆಯ ಟಿಬೆಟನ್ನರು ಚಳಿಗಾಲದಲ್ಲಿ ರಸ್ತೆ ಬದಿಗೆ ಸ್ವೆಟರ್ ಸಾಲು ಹಾಕುತ್ತಿದ್ದರು. ಆ ಮಾಲೂ ಲೂಧಿಯಾನದ್ದೇ. ನಮಗೆ ದಾರವಾಗಿ ಬರುತ್ತಿದ್ದದ್ದು ಅವರಿಗೆ ಸ್ವೆಟರಾಗಿ ಬರುತ್ತಿತ್ತು, ಅಷ್ಟೆ. ನಮ್ಮ ಬರೀ ದಾರದ ಬೆಲೆಗೆ ಅವರಲ್ಲಿ ತೋಳು, ಕಾಲರು, ಜಿಪ್ಪು ಸಮೇತ ಸಿದ್ಧ ಸ್ವೆಟರ್ ಸಿಗುವ ದಿನ ಬಂದಾಗ ಅಪ್ಪ ಅವರನ್ನು ಬೈಯಲಿಲ್ಲ. ಒಂದು ಕಂದು ಸ್ವೆಟರ್ ಕೊಂಡು ತಂದು, ತಿರುಗಿಸಿ, ಒಳಗಿನ ಹೊಲಿಗೆ ನೋಡಿ, “ಚೆನ್ನಾಗಿಯೇ ಹಾಕಿದಾನಲ್ಲ ಮಿಷಿನ್ನು” ಎಂದು ತಾವೇ ತೊಟ್ಟುಕೊಂಡರು. ಶಾಲೆಗಳೂ ಯೂನಿಫಾರ್ಮಿಗೆ ಇಂಥ ಅಂಗಡಿಯ ಇಂಥದೇ ಸ್ವೆಟರ್ ಎಂದು ಗೊತ್ತುಮಾಡಿದ ಮೇಲೆ ಅಮ್ಮಂದಿರ ಕಡ್ಡಿಗಳು ಅಲಮಾರು ಸೇರಿದವು.

ಯಂತ್ರದ ಕೈಗೆ ಸಿಗದೆ ಉಳಿದದ್ದು ಕ್ರೋಶಾ. ಎರಡು ಕಡ್ಡಿಯ ಹೆಣಿಗೆಯನ್ನು ಯಂತ್ರ ಸಲೀಸಾಗಿ ಮಾಡುತ್ತದೆ. ಕ್ರೋಶಾದಲ್ಲಿ ಪ್ರತಿ ಕುಣಿಕೆಯನ್ನೂ ಅಲ್ಲಲ್ಲೇ ಮುಗಿಸಿ ಮುಂದೆ ಹೋಗಬೇಕು, ಕೊಕ್ಕೆ ಯಾವ ದಿಕ್ಕಿಗೆ ಬೇಕಾದರೂ ತಿರುಗಬೇಕು. ಅದಕ್ಕೆ ಸರಿಯಾದ ಯಂತ್ರ ಇನ್ನೂ ಬಂದಿಲ್ಲ. ಕ್ರೋಶಾ ಹಾಕಿದ ಟೋಪಿ ಎಷ್ಟೇ ಅಗ್ಗಕ್ಕೆ ಸಿಗಲಿ, ಎಲ್ಲೋ ಯಾರೋ ಕೂತು ಕೈಯಲ್ಲೇ ಹಾಕಿದ್ದು. ಅಗ್ಗವಾಗಿದ್ದರೆ ಅವರಿಗೆ ಸಿಕ್ಕಿದ್ದೆಷ್ಟು ಎಂದು ಲೆಕ್ಕ ಹಾಕಿಕೊಳ್ಳಬಹುದು.

ನಮ್ಮ ಅಂಗಡಿಯನ್ನು ಮೊದಲು ಎತ್ತಿದ್ದು ಸೀರೆ ಕುಚ್ಚು. ಸೆರಗಿನ ಎಳೆಗಳನ್ನು ಬರೀ ಗಂಟು ಹಾಕುತ್ತಿದ್ದ ಜಾಗದಲ್ಲಿ ಕ್ರೋಶಾ ಕುಚ್ಚು, ಮಣಿ ಸೇರಿಸಿದ ಕುಚ್ಚು, ಮದುವೆ ಸೀರೆಗೆ ಅಂಗೈಯಗಲದ ಕುಚ್ಚು ಬಂದವು. ಉಲ್ಲನ್ನಿನ ಗೋಡೆಯ ಅರ್ಧ ಭಾಗಕ್ಕೆ ರೇಷ್ಮೆ ದಾರದ ರೀಲುಗಳು ಏರಿದವು. ಮನೆಯಲ್ಲೇ ಕೂತು ನಾಲ್ಕು ಕಾಸು ಕಾಣುವ ಹೆಂಗಸರು ಎಷ್ಟೋ ಮಂದಿ. ಸೀರೆಗೆ ಸಾವಿರಾರು ಕೊಟ್ಟವರು ಕುಚ್ಚಿಗೆ ಐವತ್ತು ರೂಪಾಯಿ ಚೌಕಾಸಿ ಮಾಡುವುದನ್ನೂ ಇದೇ ಕೌಂಟರಿನಲ್ಲಿ ನಿಂತು ನೋಡಿದ್ದೇನೆ.

ಆಮೇಲೆ ಬಂದದ್ದು ಆಟಿಕೆ. ಅಮಿಗುರುಮಿ ಎಂಬ ಜಪಾನಿನ ಕ್ರೋಶಾ ಗೊಂಬೆಗಳನ್ನು ಯೂಟ್ಯೂಬಿನಲ್ಲಿ ನೋಡಿಕೊಂಡು ಕಾಲೇಜು ಹುಡುಗಿಯರು ಬರತೊಡಗಿದರು. ಆಕ್ಟೋಪಸ್, ಜೇನ್ನೊಣ, ಬಾಡದ ಸೂರ್ಯಕಾಂತಿ. ಅಗತ್ಯವೆಂದು ಕೊಳ್ಳುವವರು ಹೋದ ಮೇಲೆ ಆಟಕ್ಕೆಂದು ಕೊಳ್ಳುವವರು ಬಂದರು ನೋಡಿ. ಇಡೀ ಮನೆಗೆ ಸ್ವೆಟರ್ ಹಾಕಿ ಬೆರಳು ಸವೆಸಿಕೊಂಡವರನ್ನು ಕಂಡ ನನಗೆ ಇದು ನಷ್ಟ ಎಂದು ಅನಿಸಿಲ್ಲ.

ಈ ಹುಡುಗಿಯರ ನಡುವೆ ಒಂದು ಬೆಳಿಗ್ಗೆ ನಮ್ಮ ಹಳೆಯ ಗಿರಾಕಿ, ನಿವೃತ್ತ ಹೊಲಿಗೆ ಟೀಚರ್ ಬಂದು ಕೌಂಟರಿನ ಮೇಲೆ ಚನ್ನಪಟ್ಟಣದ ಒಂದು ಮರದ ರೈಲು ಇಟ್ಟರು. “ನೋಡಪ್ಪಾ, ಈ ಬಣ್ಣಗಳು ಬೇಕು. ಇಂಥದೇ ರೈಲು, ಮಫ್ಲರಿನಲ್ಲಿ.” ಮೊಮ್ಮಗ ಟೊರಾಂಟೊದಲ್ಲಿ. ರಜೆಗೆ ಬಂದಾಗ ಹಳೇ ಹೆದ್ದಾರಿಯ ಅಂಗಡಿಯೊಂದರಲ್ಲಿ ಎರಡು ರೈಲು ಕೊಂಡು, ಒಂದನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದನಂತೆ. 2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಚನ್ನಪಟ್ಟಣದ ಪೇಟೆಯನ್ನು ಮುಟ್ಟದೆಯೇ ಹೋಗುತ್ತವೆ. ಆ ಅಂಗಡಿಯವರ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆಯನ್ನು ತಿರುಗಣಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಪಟ್ಟೆಯಿಂದ ಪಟ್ಟೆಗೆ ಗೀಟು ಎಳೆದಷ್ಟು ಸ್ಪಷ್ಟ. ಟೀಚರಿಗೆ ಬೇಕಾದದ್ದು ಆ ಸ್ಪಷ್ಟತೆ. ಕ್ರೋಶಾದಲ್ಲಿ ಹೊಸ ಸಾಲಿಗೆ ಹೊಸ ದಾರ ಕಟ್ಟಿದರೆ ಅಂಚಿನಲ್ಲಿ ಹಳೆಯ ಬಣ್ಣದ ಒಂದು ಚುಕ್ಕೆ ಇಣುಕುತ್ತದೆ. ಹಿಂದಿನ ಸಾಲಿನ ಕೊನೆಯ ಕುಣಿಕೆಯ ಕೊನೆಯ ಎಳೆತವನ್ನೇ ಹೊಸ ಬಣ್ಣದಲ್ಲಿ ಎಳೆಯಬೇಕು. ಅಂಗಡಿಯ ಸ್ಟೂಲಿನ ಮೇಲೆ ಕೂತು ಒಬ್ಬ ಹುಡುಗಿಗೆ ಅವರು ಇದನ್ನು ತೋರಿಸಿದ್ದು ನನಗೂ ಪಾಠವಾಯಿತು. ಜನ್ಮವೆಲ್ಲ ದಾರ ಮಾರಿದವನಿಗೆ ಕೊಕ್ಕೆ ಹಿಡಿದು ಗೊತ್ತಿಲ್ಲ.

ಇನ್ನೊಂದು ತಾಪತ್ರಯ ಹೊಳಪಿನದು. ಅರಗಿನ ಮಿರುಗು ಉಲ್ಲನ್ನಿಗೆ ಬರುವುದಿಲ್ಲ. ಹೊಳಪಿನ ಹತ್ತಿ ದಾರದಲ್ಲೇ ಪೂರಾ ಹಾಕಿದರೆ ಟೊರಾಂಟೊದ ಹಿಮಕ್ಕೆ ಉಪಯೋಗವಿಲ್ಲ. ಕೊನೆಗೆ ಡಬ್ಬಿಗಳಿಗೆ ಉಲ್ಲನ್, ಚಕ್ರಗಳಿಗೆ ಆಂಕರ್ ದಾರ ಎಂದು ತೀರ್ಮಾನವಾಯಿತು. ಚಕ್ರಕ್ಕೆ ಗುಂಡಿ ಹೊಲಿಯಬಹುದಲ್ಲ ಎಂದು ನಾನು ಒಳ್ಳೆಯ ಕಪ್ಪು ಗುಂಡಿ ತೆಗೆದಿಟ್ಟರೆ, “ಕಿತ್ತು ಬಾಯಿಗೆ ಹಾಕ್ಕೊಂಡ್ರೆ?” ಎಂದು ಪಕ್ಕಕ್ಕೆ ಸರಿಸಿದರು.

ಚಕ್ರದ ಲೆಕ್ಕ ಚೆಂದ. ನಡುವಿನ ಕುಣಿಕೆಯೊಳಗೆ 6 ಮನೆ, ಎರಡನೆಯ ಸುತ್ತಿಗೆ 12, ಮೂರನೆಯದಕ್ಕೆ 18. ಸುತ್ತಿಗೆ ಆರಾರು ಏರಿಸುತ್ತ ಹೋದರೆ ಮೇಜಿನ ಮೇಲೆ ಮಟ್ಟಸವಾಗಿ ಕೂರುವ ಬಿಲ್ಲೆ. ಏರಿಸುವುದನ್ನು ನಿಲ್ಲಿಸಿ ಅಷ್ಟೇ ಮನೆಯಲ್ಲಿ ಸುತ್ತಿದರೆ ಅಂಚು ಎದ್ದು ಬಟ್ಟಲಾಗುತ್ತದೆ. ಅದಕ್ಕೆ ಹತ್ತಿ ತುಂಬಿ ಬಾಯಿ ಕಟ್ಟಿದರೆ ಗೊಂಬೆಯ ತಲೆ. ಹುಡುಗಿಯರ ಆಕ್ಟೋಪಸ್ಸಿಗೂ ಟೀಚರ ಚಕ್ರಕ್ಕೂ ಆರಂಭ ಒಂದೇ ಎಂದು ಗೊತ್ತಾದಾಗ ಅಂಗಡಿಯಲ್ಲಿ ಎರಡು ಪೀಳಿಗೆಯವರು ಮೊದಲ ಸಲ ಒಟ್ಟಿಗೆ ಕೂತು ಮಾತಾಡಿದರು.

ಮಫ್ಲರ್ ತಯಾರಾಗಿ ಬಂತು. ಒಂದು ಗೇಣಿಗಿಂತ ಕಡಿಮೆ ಅಗಲ, ಮೀಟರಿಗಿಂತ ಚೂರು ಹೆಚ್ಚು ಉದ್ದ. ಆಡುವ ಮಗುವಿಗೆ ಉದ್ದ ಹೆಚ್ಚಾದರೆ ಎಲ್ಲಾದರೂ ಸಿಕ್ಕಿಕೊಂಡೀತು. ಅರಿಶಿನ, ಕೆಂಪು, ಎಲೆಹಸಿರು, ನೀಲಿ ಡಬ್ಬಿಗಳು, ನಡುನಡುವೆ ಕೊಂಡಿಯ ಹಾಗೆ ಕಪ್ಪು ಸಾಲುಗಳು, ಬಿಳಿ ಕಿಟಕಿಗಳು. ಒಂದು ತುದಿಗೆ ಎಂಜಿನ್ನು, ಅದರ ನೆತ್ತಿಯಲ್ಲಿ ಹೊಗೆಗೆ ಬದಲು ಬಿಳಿ ಉಲ್ಲನ್ನಿನ ಚೆಂಡು. ನಾನು ಹಿಂಬದಿ ತಿರುಗಿಸಿ ನೋಡಿದೆ. ಇಷ್ಟು ಬಣ್ಣ ಬದಲಿಸಿದರೆ ಅಷ್ಟೇ ದಾರದ ತುದಿಗಳು ಉಳಿಯಬೇಕು, ಒಂದೂ ಕಾಣಲಿಲ್ಲ. ಎಲ್ಲವನ್ನೂ ಮೊಂಡು ಸೂಜಿಯಲ್ಲಿ ಆಯಾ ಬಣ್ಣದೊಳಗೇ ಸೇರಿಸಿ ಮುಗಿಸಿದ್ದರು. ಮಫ್ಲರು ಕುತ್ತಿಗೆಯಲ್ಲಿ ಹೇಗೆ ಬೇಕಾದರೂ ತಿರುಗುವ ವಸ್ತು, ಹಿಂಬದಿ ಎಂದು ಬಿಡುವ ಹಾಗಿಲ್ಲ.

ಅಲ್ಲೇ ಇದ್ದ ಬೊಟಿಕ್ ಒಡತಿಯೊಬ್ಬರು ಫೋಟೊ ತೆಗೆದುಕೊಂಡು, ಇಂಥವು ಹತ್ತು ಬೇಕು ಎಂದು ದರ ಹೇಳಿದರು. ಉಲ್ಲನ್ನಿಗೆ ಬಿದ್ದ ದುಡ್ಡಿಗಿಂತ ಅದು ಸ್ವಲ್ಪವೇ ಹೆಚ್ಚು. ಟೀಚರ್ ನಕ್ಕು, “ಕೂತ್ಕೊಳ್ಳಿ ಮೇಡಂ, ಕಲಿಸಿಕೊಡ್ತೀನಿ, ನೀವೇ ಹಾಕ್ಕೊಳ್ಳಿ” ಎಂದರು. ಆಕೆ ಕೂರಲಿಲ್ಲ.

ಪಾರ್ಸೆಲ್ ತಲುಪಿದ ಮೇಲೆ ಟೀಚರ್ ಮತ್ತೆ ಬಂದರು. ಮೊಮ್ಮಗ ವಿಡಿಯೊ ಕರೆಯಲ್ಲಿ ಮಫ್ಲರನ್ನು ನೆಲದ ಮೇಲೆ ಹಾಸಿ ಓಡಿಸಿ ತೋರಿಸಿದನಂತೆ. ಕುತ್ತಿಗೆಗೆ ಹಾಕಿಕೊಳ್ಳೋ ಎಂದರೆ, ಡ್ರೈವರ್ ಇಲ್ಲದೆ ಹೇಗೆ ಹೊರಡುತ್ತದೆ ಎಂದು ಕೇಳಿದನಂತೆ. ಹೆಬ್ಬೆರಳಿನ ಗಾತ್ರದ ಡ್ರೈವರಿಗೆ ಎಣ್ಣೆಗೆಂಪು ಬಣ್ಣ ಬೇಕು, ಹತ್ತು ಗ್ರಾಂ ಸಾಕು. ನನ್ನ ಹತ್ತಿರ ಇದ್ದದ್ದು 100 ಗ್ರಾಮಿನ ಉಂಡೆ, ಅದನ್ನು ಒಡೆದು ಮಾರುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. “ನಿಮ್ಮಪ್ಪ ಇದ್ದಿದ್ರೆ ಚೀಲದಲ್ಲಿ ಹೆಸರು ಬರೆದು ಎತ್ತಿಟ್ಟಿರೋರು” ಎಂದು ಟೀಚರ್ ಕತ್ತರಿಯನ್ನು ತಾವೇ ಕೈಗೆತ್ತಿಕೊಂಡರು.