ಸ್ವರ್ಗದ ಹಾದಿಯ ಒಂದು ಶಾಲೆ

ಕಾಸರಗೋಡಿನಿಂದ ಮೂಡು ದಿಕ್ಕಿಗೆ ಹೊರಟ ಬಸ್ಸು ಚೆರ್ಕಳದಲ್ಲಿ ಕಲ್ಲಡ್ಕದ ಮಾರ್ಗವನ್ನು ಹಿಡಿದು, ಬದಿಯಡ್ಕವನ್ನು ದಾಟಿ ಪೆರ್ಲವನ್ನು ಸೇರುತ್ತದೆ. ಬದಿಯಡ್ಕದ ಬಳಿಯ ಪೆರಡಾಲದಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದರೆಂಬುದನ್ನು ನಮ್ಮ ಕಡೆಯ ಉಪಾಧ್ಯಾಯರು ಯಾರೂ ಮರೆಯಲಾರರು. ಪೆರ್ಲದಿಂದ ಒಳಮಾರ್ಗವಾಗಿ ಹೋದರೆ ಸ್ವರ್ಗವೆಂಬ ಊರು ಸಿಗುತ್ತದೆ. ಹೊಸಬರಿಗೆ ಈ ಹೆಸರು ವಿನೋದವೆನಿಸುವುದು ಸಹಜ. ಟಿಕೇಟು ಪಡೆದು ಸ್ವರ್ಗಕ್ಕೆ ಹೋಗಿ, ಸಂಜೆಯ ಬಸ್ಸಿನಲ್ಲಿ ಮರಳಿ ಬರುವ ಸೌಕರ್ಯ ಬೇರೆ ಎಲ್ಲಿದೆ?

ಈ ಸೀಮೆಗೆ ಎಣ್ಮಕಜೆ ಪಂಚಾಯತೆಂದು ಹೆಸರು. ಮುರಕಲ್ಲಿನ ಗುಡ್ಡಗಳು, ಅವುಗಳ ಬುಡದಲ್ಲಿ ತಂಪಾದ ಅಡಿಕೆಯ ತೋಟಗಳು. ಬಾವಿಗಿಂತ ಹೆಚ್ಚಾಗಿ ಇಲ್ಲಿಯವರು ನಂಬಿ ಬದುಕಿದ್ದು ಸುರಂಗವನ್ನು. ಗುಡ್ಡದ ಪಕ್ಕವನ್ನು ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಅಗೆಯುತ್ತಾ ಹೋದರೆ ಒಳಗೆಲ್ಲೋ ಒರತೆ ಸಿಗುತ್ತದೆ. ನೀರು ಯಂತ್ರದ ಹಂಗಿಲ್ಲದೆ ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ.

ಗುಡ್ಡಗಳ ನೆತ್ತಿಯಲ್ಲಿ ಗೇರುತೋಟಗಳಿವೆ. 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಜಿಲ್ಲೆಯ ಸರಕಾರೀ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಲಾಗುತ್ತಿತ್ತು. ಗುಡ್ಡದ ಮೇಲೆ ಬಿದ್ದುದು ಮಳೆಗೆ ಕೆಳಗಿಳಿಯದೆ ಇರುವುದೆಂತು? ಪಡ್ರೆಯ ಮನೆಮನೆಗಳಲ್ಲಿ ಕಾಣಿಸಿದ ಕಾಯಿಲೆಗಳನ್ನು ವಾಣೀನಗರದ ಡಾಕ್ಟರ್ ವೈ. ಎಸ್. ಮೋಹನಕುಮಾರರು ಲೋಕದ ಗಮನಕ್ಕೆ ತಂದದ್ದು, ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದದ್ದು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ನಿಷೇಧಿಸಿದ್ದು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು, ಇವೆಲ್ಲ ಓದುಗ ಬಂಧುಗಳಿಗೆ ತಿಳಿದ ಸಂಗತಿಗಳೇ. ಯಾವ ಮಗುವಿನ ವೈಕಲ್ಯಕ್ಕೆ ಯಾವುದು ಕಾರಣವೆಂಬ ವಾದವು ಕಚೇರಿಗಳಲ್ಲಿ ಸಾಕಷ್ಟು ನಡೆದಿದೆ. ಶಾಲೆಯ ಬಾಗಿಲಿಗೆ ಬಂದ ಮಗುವಿನೊಡನೆ ಆ ಪ್ರಶ್ನೆ ಒಳಗೆ ಬರುವುದಿಲ್ಲ. ಈ ಮಗು ಎಲ್ಲಿ ಕುಳಿತುಕೊಳ್ಳಬೇಕು, ಹೇಗೆ ಕಲಿಯಬೇಕು ಎಂಬಷ್ಟೇ ಅಲ್ಲಿಯ ಪ್ರಶ್ನೆ.

ಕಳೆದ ಕುಂಭ ಮಾಸದಲ್ಲಿ ನಾನು ಹೋದದ್ದು ಈ ದಾರಿಯ ಒಂದು ಅನುದಾನಿತ ಎಲ್.ಪಿ. ಶಾಲೆಗೆ. ಮಕ್ಕಳ ಗುರುತು ಬಯಲಾಗಬಾರದೆಂದು ಶಾಲೆಯ ಹೆಸರನ್ನು ಹೇಳುವುದಿಲ್ಲ. ನಾಲ್ಕು ತರಗತಿ, ಕನ್ನಡ ಮಾಧ್ಯಮ, 68 ಮಕ್ಕಳು. ಅವರಲ್ಲಿ ಐವರಿಗೆ ವಿಶೇಷ ಗಮನ ಬೇಕು. ಐವರೂ ತಮ್ಮ ತಮ್ಮ ತರಗತಿಯಲ್ಲಿ, ಉಳಿದವರ ನಡುವೆಯೇ ಕುಳಿತಿದ್ದರು. 1974ರಲ್ಲಿಯೇ ಕೇಂದ್ರ ಸರಕಾರವು ವಿಕಲಾಂಗ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಯೋಜನೆಯನ್ನು ಹಾಕಿತ್ತು. 2016ರ ಕಾನೂನು 6ರಿಂದ 18 ವಯಸ್ಸಿನವರೆಗೆ ನೆರೆಯ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು ಅವರಿಗೆ ಕೊಟ್ಟಿದೆ. ಆದರೆ ಹಕ್ಕನ್ನು ಬೆಂಚಿನ ಮೇಲೆ ಕುಳ್ಳಿರಿಸುವ ಕೆಲಸ ಉಳಿಯುತ್ತದಲ್ಲ, ಅದನ್ನು ಮಾಡುವವರು ತರಗತಿಯ ಅಧ್ಯಾಪಕರು.

ನಾಲ್ಕನೆಯ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿಯ ಒಬ್ಬಳು ಹುಡುಗಿ. ಬುದ್ಧಿ ಚುರುಕು, ಕೈಕಾಲುಗಳ ಬಿಗಿತದಿಂದಾಗಿ ಬರೆಯುವುದು ಕಷ್ಟ. ಊರಿನ ಬಡಗಿಯಿಂದ ಅವಳಿಗಾಗಿ ಮಾಡಿಸಿದ ಕುರ್ಚಿಯನ್ನು ನಾನು ಬಹಳ ಹೊತ್ತು ನೋಡಿದೆ. ಪಾದಗಳು ಊರಿ ನಿಲ್ಲಲು ಕೆಳಗೊಂದು ಹಲಗೆ, ಎರಡು ಬದಿಗೆ ತಡೆ, ಮುಂದೆ ತುಸು ಓರೆಯಾದ ಮೇಜು. ಪಾದಗಳು ಜೋತಾಡುತ್ತಿದ್ದರೆ ದೇಹದ ಶಕ್ತಿಯೆಲ್ಲ ಬೀಳದಂತೆ ಹಿಡಿದುಕೊಳ್ಳುವುದಕ್ಕೇ ವ್ಯಯವಾಗುತ್ತದೆ, ಕೈಗೆ ಏನೂ ಉಳಿಯುವುದಿಲ್ಲ ಎಂದು ಟೀಚರು ವಿವರಿಸಿದರು. ಪೆನ್ಸಿಲಿಗೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ದಪ್ಪ ಮಾಡಿದ್ದರು. ಉಳಿದವರು ಐದು ವಾಕ್ಯ ಬರೆಯುವ ಹೊತ್ತಿಗೆ ಅವಳು ಒಂದು ಬರೆಯುತ್ತಾಳೆ, ನಾಲ್ಕನ್ನು ಬಾಯಲ್ಲಿ ಹೇಳುತ್ತಾಳೆ. ಬಾಯಲ್ಲಿ ಹೇಳಿದ್ದಕ್ಕೂ ಅಂಕವಿದೆ.

ಎರಡನೆಯ ತರಗತಿಯಲ್ಲಿ ಬೌದ್ಧಿಕ ಬೆಳವಣಿಗೆ ಹಿಂದುಳಿದ ಒಬ್ಬ ಹುಡುಗ. ಮಧ್ಯಾಹ್ನದ ಊಟವಾದ ಮೇಲೆ ಇಲ್ಲಿ ಪ್ರತಿಯೊಂದು ಮಗುವೂ ತನ್ನ ಬಟ್ಟಲನ್ನು ತಾನೇ ತೊಳೆದಿಡಬೇಕು. ಇವನಿಗೆ ಆ ಕೆಲಸವನ್ನು ಕೊನೆಯಿಂದ ಕಲಿಸಿದ್ದಾರೆ! ಮೊದಮೊದಲು ತಿಕ್ಕುವುದು, ತೊಳೆಯುವುದು ಎಲ್ಲವನ್ನೂ ಟೀಚರೇ ಮಾಡಿ, ಹಲಗೆಯ ಮೇಲೆ ಕವುಚಿ ಹಾಕುವುದನ್ನು ಮಾತ್ರ ಇವನಿಗೆ ಬಿಡುತ್ತಿದ್ದರಂತೆ. ಅದು ಬಂದ ಮೇಲೆ ನೀರು ಹಾಕಿ ಜಾಲಿಸುವುದು. ಈಗ ತಿಕ್ಕುವುದೊಂದು ಉಳಿದಿದೆ. ಮೊದಲಿನಿಂದ ಕಲಿಸಿದ್ದರೆ ಅವನು ಪ್ರತಿದಿನವೂ ಅರ್ಧಕ್ಕೆ ಬಿಟ್ಟವನಾಗುತ್ತಿದ್ದ. ಕೊನೆಯಿಂದ ಕಲಿಸಿದ್ದರಿಂದ ಪ್ರತಿದಿನವೂ ಮುಗಿಸಿದವನಾದ. ನಾನು ತರಬೇತಿ ಪಡೆದ ಕಾಲದಲ್ಲಿ ಇದನ್ನು ನಮಗೆ ಹೇಳಿದವರಿರಲಿಲ್ಲ.

ಇದೇ ಹುಡುಗನ ಇನ್ನೊಂದು ವಿಷಯವನ್ನು ಗಡಿನಾಡಿನ ಓದುಗರ ಮುಂದೆ ಮುಖ್ಯವಾಗಿ ಇಡಬೇಕಾಗಿದೆ. ಶಾಲೆಗೆ ಸೇರುವ ಮೊದಲು ಒಂದೆಡೆ ಅವನ ಬುದ್ಧಿಯ ಪರೀಕ್ಷೆಯಾಗಿತ್ತು. ಚಿತ್ರಗಳನ್ನು ಮುಂದಿಟ್ಟು, ದನ ಎಲ್ಲಿ ಎಂದು ಮಲಯಾಳದಲ್ಲಿ ಕೇಳಿದರು: "ಪಶು ಎವಿಡೆ?" ಹುಡುಗನು ಕೇಳಿದವರ ಮುಖವನ್ನೇ ನೋಡುತ್ತಾ ಕುಳಿತ. ಜೊತೆಗಿದ್ದ ಅಜ್ಜಿ ತಡೆಯಲಾರದೆ, "ಪೆತ್ತ ಓಲುಂಡು ಮಗಾ?" ಎಂದಳು. ಬೆರಳು ನೇರವಾಗಿ ದನದ ಚಿತ್ರಕ್ಕೆ ಹೋಯಿತು. ಆದರೆ ಅಜ್ಜಿಯ ಪ್ರಶ್ನೆಗೆ ಕಾಗದದಲ್ಲಿ ಸ್ಥಳವಿರಲಿಲ್ಲ.

ವಿಚಾರ ಮಾಡಿ ನೋಡಿ. ಚುರುಕಾದ ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಮೂರನ್ನೂ ಆಟವಾಡುತ್ತಾ ಕಲಿತುಬಿಡುತ್ತದೆ. ಅದು ನಮ್ಮ ಜಿಲ್ಲೆಯ ಭಾಗ್ಯವೆಂದು ಭಾಷಣಗಳಲ್ಲಿ ಹೇಳುತ್ತೇವೆ. ಒಂದು ಮಾತನ್ನೇ ಬಹು ಕಷ್ಟದಿಂದ ಹಿಡಿದ ಮಗುವಿಗೆ ಅದೇ ಭಾಗ್ಯವು ಭಾರವಾಗುತ್ತದೆ. ಮಾತಿನ ಚಿಕಿತ್ಸೆ ಮಲಯಾಳದಲ್ಲಿ, ಪಾಠ ಕನ್ನಡದಲ್ಲಿ, ಅಮ್ಮನ ಮಾತು ತುಳುವಿನಲ್ಲಿ, ಹವ್ಯಕದಲ್ಲಿ ಅಥವಾ ಮರಾಟಿಯಲ್ಲಿ ಆದರೆ, ಕಲಿಸಿದ ಪದವನ್ನು ಅದು ಯಾರೊಡನೆ ಆಡಬೇಕು? ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ನಾವು ಹೋರಾಡಿದ್ದೇವೆ, ಇನ್ನೂ ಹೋರಾಡುತ್ತಿದ್ದೇವೆ. ಅದು ನ್ಯಾಯವೇ. ಆದರೆ ಮಾತು ಬಾರದ ಮಗುವಿನ ಪರವಾಗಿಯೂ ಆ ಬೇಡಿಕೆ ಏಳಬೇಕು. ಎಲ್ಲರಿಗಿಂತ ಮೊದಲು ಅದರ ಪರವಾಗಿ ಏಳಬೇಕು ಎಂಬುದು ನನ್ನ ಅಭಿಪ್ರಾಯ.

ಬಿ.ಆರ್.ಸಿ.ಯಿಂದ ವಾರಕ್ಕೊಮ್ಮೆ ಬರುವ ವಿಶೇಷ ಶಿಕ್ಷಕಿ ದಕ್ಷಿಣದ ಜಿಲ್ಲೆಯವರು. ಬಂದಾಗ ಅವರಿಗೆ ಕನ್ನಡವಾಗಲಿ ತುಳುವಾಗಲಿ ತಿಳಿಯದು. ಈಗ ಅವರ ಚೀಲದಲ್ಲಿ ಒಂದು ನೋಟುಪುಸ್ತಕವಿದೆ. ನೀರು, ಹಸಿವು, ನೋವು, ಸಾಕು, ಇನ್ನೂ ಬೇಕು ಎಂಬಂಥ ಮಾತುಗಳನ್ನು ಐದು ಮನೆಗಳ ತಾಯಂದಿರಿಂದ ಕೇಳಿ, ಮಲಯಾಳದ ಲಿಪಿಯಲ್ಲಿ ಬರೆದುಕೊಂಡಿದ್ದಾರೆ. "ಮಾಷ್ಟ್ರೇ, ಎನ್ನ ತುಳುಗು ಜೋಕುಲು ತೆಲಿಪುವೆರ್" ಎಂದು ನನ್ನೊಡನೆ ತುಳುವಿನಲ್ಲಿಯೇ ಹೇಳಿದರು. ತನ್ನ ತುಳು ಕೇಳಿ ಮಕ್ಕಳು ನಗುತ್ತಾರಂತೆ. ನಗಲಿ, ನಗುವುದಕ್ಕೂ ಅರ್ಥವಾಗಬೇಕಲ್ಲ! ಅವರೂ ತರಗತಿಯ ಟೀಚರೂ ಕೂಡಿ ಚಿತ್ರದ ಕಾರ್ಡುಗಳನ್ನು ಮಾಡಿದ್ದಾರೆ. ಒಂದೊಂದು ಚಿತ್ರದ ಅಡಿಯಲ್ಲಿಯೂ ಮನೆಯ ಮಾತು ಮೇಲೆ, ಕನ್ನಡ ಅದರ ಕೆಳಗೆ. ಒಂದು ಜೊತೆ ಶಾಲೆಯಲ್ಲಿ, ಇನ್ನೊಂದು ಮನೆಯ ಅಡುಗೆಕೋಣೆಯ ಗೋಡೆಯಲ್ಲಿ.

ಹಾಸಿಗೆಯಿಂದ ಏಳಲಾರದ ಒಂದು ಮಗುವೂ ಇದೇ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಅದರ ಮನೆಗೆ ಸಹಪಾಠಿಗಳು ಗುಂಪಾಗಿ ಹೋಗಿ, ಹಾಡಿ, ಆಡಿ ಬರುತ್ತಾರೆ. ಕೇರಳದಲ್ಲೆಲ್ಲ ಇದಕ್ಕೆ ಚಙ್ಙಾದಿಕೂಟ್ಟಂ, ಅಂದರೆ ಗೆಳೆಯರ ಕೂಟವೆಂದು ಹೆಸರು.

ಇಂಥವರಿಗೆ ಬೇರೆ ಶಾಲೆಯೇ ಲೇಸಲ್ಲವೇ ಎಂದು ಕೇಳುವವರಿದ್ದಾರೆ. ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳು ನಮ್ಮ ಜಿಲ್ಲೆಯಲ್ಲಿ ದೊಡ್ಡ ಕೆಲಸ ಮಾಡುತ್ತಿವೆ; ಹೆಚ್ಚಿನ ಆರೈಕೆ ಬೇಕಾದ ಮಕ್ಕಳಿಗೆ ಅವೇ ಆಸರೆ. ಆದರೆ ಬಟ್ಟಲು ತೊಳೆಯುವ ಈ ಹುಡುಗನಿಗೆ ಮುಂದಿನ ಐವತ್ತು ವರ್ಷ ನೆರೆಕರೆಯವರಾಗಿ ಇರುವವರು ಈಗ ಅವನ ಬೆಂಚಿನಲ್ಲಿ ಕುಳಿತವರೇ. ಅವನು ಯಾವುದಕ್ಕೆ ಹೆದರುತ್ತಾನೆ, ಯಾವ ಮಾತಿಗೆ ನಗುತ್ತಾನೆ ಎಂಬುದನ್ನು ಅವರು ಈಗಲೇ ತಿಳಿದಿದ್ದಾರೆ. ಈ ತಿಳಿವಳಿಕೆಯನ್ನು ದೊಡ್ಡವರಾದ ಮೇಲೆ ಯಾವ ಶಿಬಿರದಲ್ಲಿಯೂ ಕಲಿಸಲಾಗದು.

ಕುರ್ಚಿಯ ಹುಡುಗಿ ಜೂನ್ ತಿಂಗಳಿಗೆ ಐದನೆಯ ತರಗತಿ. ಅದಕ್ಕೆ ಮೂರು ಕಿಲೋಮೀಟರು ದೂರದ ಯು.ಪಿ. ಶಾಲೆಗೆ ಹೋಗಬೇಕು. ಟೀಚರು ಒಂದು ಶನಿವಾರ ತಾವೇ ಅಲ್ಲಿಗೆ ಹೋಗಿ ಜಗಲಿಯ ಮೆಟ್ಟಿಲುಗಳನ್ನು ಅಳೆದು ಬಂದಿದ್ದರು. ಅರ್ಧ ಅಡಿಯಂತೆ ಆರು ಮೆಟ್ಟಿಲು, ಮೂರು ಅಡಿ ಎತ್ತರ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ. ಅಂದರೆ 36 ಅಡಿ. ಅಂಗಳದಲ್ಲಿ ಅಷ್ಟು ಉದ್ದವಿಲ್ಲ. ನಡುವೆ ಒಂದು ಸಮತಟ್ಟು ಕೊಟ್ಟು ತಿರುಗಿಸಿದರೆ ಸಾಕಾಗಬಹುದೆಂದು ಅವರು ಹಳೆಯ ಪ್ರಶ್ನಪತ್ರಿಕೆಯ ಹಿಂಬದಿಯಲ್ಲಿ ಗೆರೆ ಹಾಕಿ ತೋರಿಸಿದರು. ಆ ಶಾಲೆಯ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಕಲ್ಲು ಕಟ್ಟುವ ಮೇಸ್ತ್ರಿ ವಿಷು ಕಳೆದು ಬರುತ್ತೇನೆ ಎಂದಿದ್ದಾನಂತೆ.